ಓದುಗರ ಪ್ರಶ್ನೆ: ‘ಗೆದ್ದೆವು’ ಎಂದು ಹೇಳಿ ಪ್ರಾಣ ಬಿಟ್ಟ ಓಟಗಾರನ ಕಥೆ ನಿಜವೇ?

ಪ್ರಶ್ನೆ: ಮ್ಯಾರಥಾನ್ ಯುದ್ಧಭೂಮಿಯಿಂದ ಅಥೆನ್ಸ್‌ಗೆ ಓಡಿಬಂದ ಫೈಡಿಪ್ಪಿಡೀಸ್, ಗೆಲುವಿನ ಸುದ್ದಿ ಹೇಳಿ ಅಲ್ಲೇ ಕುಸಿದು ಸತ್ತನಂತೆ. ಅದರ ನೆನಪಿಗೇ ಇಂದಿಗೂ 42 ಕಿ.ಮೀ. ಓಡುತ್ತಾರಂತೆ. ಹೌದೇ?

ಉತ್ತರ: ಬೆಂಗಳೂರಿನಲ್ಲಿ ಓಟದ ಸೀಸನ್ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಬರೆದಿದ್ದೇನೆ, ಮತ್ತೆ ಬರೆದಿದ್ದೇನೆ. ಮುಂದಿನ ಓಟದ ಬಹುಮಾನ ವಿತರಣೆಯಲ್ಲಿ ಮುಖ್ಯ ಅತಿಥಿಗಳ ಭಾಷಣ ಪುನಃ ಅದೇ ಕಥೆಯಿಂದ ಆರಂಭವಾಗುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಕ್ರಿ.ಪೂ. 490ರಲ್ಲಿ ಪರ್ಷಿಯನ್ ಸೇನೆ ಮ್ಯಾರಥಾನ್ ಬಯಲಿನಲ್ಲಿ ಬಂದಿಳಿಯಿತು. ಆ ಯುದ್ಧದ ಬಗ್ಗೆ ನಮಗಿರುವ ಅತಿ ಹಳೆಯ ವಿವರವಾದ ಬರಹ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನದು. ಯುದ್ಧ ನಡೆದು ಐವತ್ತು ಅರವತ್ತು ವರ್ಷಗಳೊಳಗೆ, ಅದನ್ನು ಕಂಡವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾಗ ಬರೆದದ್ದು. ಅದರಲ್ಲಿ ಫೈಡಿಪ್ಪಿಡೀಸ್ ಬರುತ್ತಾನೆ. ಆದರೆ ಯುದ್ಧ ಮುಗಿದ ಮೇಲಲ್ಲ, ಯುದ್ಧಕ್ಕೆ ಮುಂಚೆ. ಅಥೆನ್ಸ್‌ನ ಸೇನಾಪತಿಗಳು ಅವನನ್ನು ಇನ್ನೊಂದು ಗ್ರೀಕ್ ನಗರವಾದ ಸ್ಪಾರ್ಟಾಕ್ಕೆ ಕಳಿಸುತ್ತಾರೆ, ಸಹಾಯಕ್ಕೆ ಬನ್ನಿ ಎಂದು ಕೇಳಲು. ದೂರ ಸುಮಾರು 240 ಕಿ.ಮೀ. ಹೊರಟ ಮರುದಿನವೇ ಅವನು ಸ್ಪಾರ್ಟಾದಲ್ಲಿದ್ದ.

ಸ್ಪಾರ್ಟಾದವರು ಬರುತ್ತೇವೆ ಎಂದರು, ಆದರೆ ತಕ್ಷಣ ಅಲ್ಲ. ಅಂದು ತಿಂಗಳ ನವಮಿ. ಹುಣ್ಣಿಮೆ ಆಗದೆ ಸೇನೆ ಹೊರಡುವಂತಿಲ್ಲ ಎಂಬುದು ಅವರ ಕಟ್ಟಳೆ. ಹುಣ್ಣಿಮೆ ಕಳೆದ ಮೇಲೆ 2,000 ಮಂದಿ ದಾಪುಗಾಲಿಟ್ಟು ಮೂರನೆಯ ದಿನಕ್ಕೆ ಬಂದು ತಲುಪಿದರು. ಅಷ್ಟರಲ್ಲಿ ಯುದ್ಧ ಮುಗಿದಿತ್ತು. ಸತ್ತ ಪರ್ಷಿಯನ್ನರನ್ನು ನೋಡಿ, ಅಥೆನ್ಸ್‌ನವರನ್ನು ಹೊಗಳಿ ಹಿಂತಿರುಗಿದರು.

ಈಗ ಸಾವಿನ ಓಟಕ್ಕೆ ಬರೋಣ. ಹೆರೊಡೋಟಸ್ ಅದರ ಬಗ್ಗೆ ಒಂದು ಅಕ್ಷರವನ್ನೂ ಬರೆದಿಲ್ಲ. “ಅವನಿಗೆ ಗೊತ್ತಿರಲಿಕ್ಕಿಲ್ಲ, ಬಿಟ್ಟಿರಬಹುದು” ಎಂದು ಕೆಲವರು ವಾದಿಸುತ್ತಾರೆ. ಅಂಥವರು ಯುದ್ಧದ ಭಾಗವನ್ನು ದಯವಿಟ್ಟು ಓದಬೇಕು. ಪರ್ಷಿಯನ್ ಹಡಗಿನ ಹಿಂಬದಿಯನ್ನು ಹಿಡಿದುಕೊಂಡಾಗ ಕೊಡಲಿ ಏಟಿಗೆ ಕೈ ಕಳೆದುಕೊಂಡ ಕಿನೆಗೈರಸ್ ಅಲ್ಲಿದ್ದಾನೆ. ಮೈಗೆ ಒಂದು ಗಾಯವೂ ಆಗದೆ ನಡು ಯುದ್ಧದಲ್ಲಿ ಕುರುಡನಾದ ಎಪಿಜೆಲಸ್ ಇದ್ದಾನೆ. ದೈತ್ಯಾಕಾರದ ಯೋಧನೊಬ್ಬ ಎದುರಾದ, ಅವನ ಗಡ್ಡ ಗುರಾಣಿಯನ್ನೇ ಮುಚ್ಚಿತ್ತು, ಅವನು ನನ್ನನ್ನು ದಾಟಿ ಪಕ್ಕದವನನ್ನು ಕೊಂದ ಎಂದು ಈತ ಹೇಳುತ್ತಿದ್ದನಂತೆ. ಅಥೆನ್ಸ್ ಕಡೆ ಸತ್ತವರು 192, ಪರ್ಷಿಯನ್ನರ ಕಡೆ 6,400 ಎಂಬ ಲೆಕ್ಕವೂ ಇದೆ. ಇಷ್ಟನ್ನೆಲ್ಲ ಕೇಳಿ ತಿಳಿದು ದಾಖಲಿಸಿದವನು, ಗೆಲುವಿನ ಸುದ್ದಿ ಹೇಳಿ ಊರ ನಡುವೆ ಸತ್ತವನೊಬ್ಬ ಇದ್ದಿದ್ದರೆ ಬಿಡುತ್ತಿದ್ದನೇ?

ಇನ್ನೊಂದು ಮಾತು. ಪರ್ಷಿಯನ್ ಹಡಗುಗಳು ಸೂನಿಯನ್ ಭೂಶಿರವನ್ನು ಸುತ್ತಿ ಅಥೆನ್ಸ್ ಕಡೆಗೇ ಹೊರಟಿದ್ದವು. ಅವರಿಗಿಂತ ಮೊದಲು ಊರು ಸೇರಲು ಇಡೀ ಅಥೆನ್ಸ್ ಸೇನೆಯೇ ಮ್ಯಾರಥಾನ್‌ನಿಂದ ಸಾಧ್ಯವಾದಷ್ಟು ಬೇಗ ನಡೆದು ಬಂತು. ಇಷ್ಟೊಂದು ಜನ, ಹೋರಾಡಿ ದಣಿದ ಮೈಯಲ್ಲಿ, ಆ ದಾರಿಯನ್ನು ಸವೆಸಿದ್ದಾರೆ. ಆ ದಿನದ ನಿಜವಾದ ‘ಮ್ಯಾರಥಾನ್’ ಇದು. ಇದನ್ನು ಯಾವ ವೇದಿಕೆಯಲ್ಲೂ ಹೇಳುವುದನ್ನು ನಾನು ಕೇಳಿಲ್ಲ.

ಹಾಗಾದರೆ ಸಾವಿನ ಕಥೆ ಎಲ್ಲಿಂದ ಬಂತು? ಅದು ನಮಗೆ ಸಿಗುವುದು ಗ್ರೀಕ್ ಲೇಖಕ ಪ್ಲೂಟಾರ್ಕ್‌ನಲ್ಲಿ, ಯುದ್ಧವಾಗಿ ಸುಮಾರು 600 ವರ್ಷಗಳ ನಂತರ. ಅವನೂ ಫೈಡಿಪ್ಪಿಡೀಸ್ ಎನ್ನುವುದಿಲ್ಲ. ಓಡಿಬಂದವನು ಥೆರ್ಸಿಪ್ಪಸ್ ಎಂದು ಕ್ರಿ.ಪೂ. 4ನೇ ಶತಮಾನದ ಹೆರಾಕ್ಲಿಡೀಸ್ ಹೇಳಿದ್ದಾನೆ, ಹೆಚ್ಚಿನವರು ಯೂಕ್ಲೀಸ್ ಎನ್ನುತ್ತಾರೆ ಎಂದು ಬರೆಯುತ್ತಾನೆ. ಪ್ಲೂಟಾರ್ಕ್‌ಗಿಂತ ಈಚಿನ ಲೇಖಕ ಲೂಸಿಯನ್ ಆ ಕಥೆಗೆ ನಮ್ಮ ಓಟಗಾರನ ಹೆಸರು ಅಂಟಿಸಿದ. ಕೊನೆಗೆ 1879ರಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಸ್ಪಾರ್ಟಾ ಓಟ, ಯುದ್ಧ, ಸಾವು ಮೂರನ್ನೂ ಒಂದೇ ಕವಿತೆಯಲ್ಲಿ ಹೆಣೆದ. ನಮ್ಮ ಪಠ್ಯಪುಸ್ತಕ, ಭಾಷಣ, ವಾಟ್ಸಾಪ್ ಸಂದೇಶಗಳಲ್ಲಿ ಓಡಾಡುತ್ತಿರುವುದು ಬಹುಪಾಲು ಈ ಹೆಣೆದ ರೂಪವೇ.

ನನಗೆ ನೋವಾಗುವುದು ಇಲ್ಲಿ. ಎರಡು ಹಗಲಿನೊಳಗೆ ಬೆಟ್ಟ ಹತ್ತಿಳಿದು 240 ಕಿ.ಮೀ. ಓಡಿದವನನ್ನು, 40 ಕಿ.ಮೀ. ಓಡಿ ಸತ್ತವನೆಂದು ಲೋಕ ನೆನಪಿಟ್ಟುಕೊಂಡಿದೆ. ಓಟ ಅವನ ಕಸುಬು. ದಿನವಿಡೀ ಓಡಿ ಸಂದೇಶ ಮುಟ್ಟಿಸುವ ದೂತ ಎಂದೇ ಹೆರೊಡೋಟಸ್ ಅವನನ್ನು ಪರಿಚಯಿಸುತ್ತಾನೆ. ತೆಗೆಯಾ ಊರಿನ ಮೇಲಿನ ಪರ್ಥೇನಿಯನ್ ಬೆಟ್ಟದಲ್ಲಿ ಪಾನ್ ದೇವರು ತನ್ನ ಹೆಸರು ಹಿಡಿದು ಕೂಗಿದ, ಅಥೆನ್ಸ್‌ನವರು ನನ್ನನ್ನೇಕೆ ಕಡೆಗಣಿಸಿದ್ದಾರೆ ಎಂದು ಕೇಳಿದ ಎಂದು ಅವನು ಅಥೆನ್ಸ್ ಜನರ ಮುಂದೆ ಹೇಳಿದನಂತೆ. ಅಂದರೆ ಜೀವಂತ ವಾಪಸು ಬಂದು ವರದಿ ಒಪ್ಪಿಸಿದ್ದಾನೆ. ಜನ ಅದನ್ನು ನಂಬಿ ಆಕ್ರೊಪೊಲಿಸ್ ಬುಡದಲ್ಲಿ ಪಾನ್‌ಗೆ ಗುಡಿ ಮಾಡಿದರು. ವರ್ಷ ವರ್ಷ ಬಲಿ, ಪಂಜಿನ ಓಟ ನಡೆಸಿದರು.

“ಮರುದಿನಕ್ಕೇ ತಲುಪುವುದು ಅಸಾಧ್ಯ” ಎನ್ನುವವರಿಗೆ: 1982ರಲ್ಲಿ ಬ್ರಿಟಿಷ್ ವಾಯುಪಡೆಯ ಜಾನ್ ಫೋಡನ್ ಮತ್ತು ಸಂಗಡಿಗರು ಇದನ್ನು ಓಡಿಯೇ ಪರೀಕ್ಷಿಸಿದರು. ಮೂವರು 40 ಗಂಟೆಯೊಳಗೆ ಸ್ಪಾರ್ಟಾ ಮುಟ್ಟಿದರು. ಮರುವರ್ಷದಿಂದ ಸ್ಪಾರ್ಟಥ್ಲಾನ್ ಎಂಬ 246 ಕಿ.ಮೀ. ಓಟ ಶುರುವಾಯಿತು, ಅದನ್ನು 36 ಗಂಟೆಯಲ್ಲಿ ಮುಗಿಸಬೇಕು. 2023ರಲ್ಲಿ ಗ್ರೀಸ್‌ನ ಫೋಟಿಸ್ ಜಿಸಿಮೊಪುಲೊಸ್ 20 ಗಂಟೆಗೂ ಕಡಿಮೆ ಅವಧಿಯಲ್ಲಿ ಮುಗಿಸಿದ. ಓಟ ಮುಗಿಸುವವರು ಸ್ಪಾರ್ಟಾದ ಹಳೆಯ ರಾಜ ಲಿಯೊನಿಡಾಸ್ ಪ್ರತಿಮೆಯ ಪಾದ ಮುಟ್ಟುತ್ತಾರೆ.

42.195 ಕಿ.ಮೀ. ವಿಷಯ ಚುಟುಕಾಗಿ. ಮ್ಯಾರಥಾನ್ ಓಟ 1896ರ ಅಥೆನ್ಸ್ ಒಲಿಂಪಿಕ್ಸ್‌ಗೆ ಫ್ರೆಂಚ್ ವಿದ್ವಾಂಸ ಮಿಶೆಲ್ ಬ್ರೆಯಾಲ್ ಕೊಟ್ಟ ಸಲಹೆ. ಆಗ ದೂರ ಸುಮಾರು 40 ಕಿ.ಮೀ.; ಗೆದ್ದವನು ಗ್ರೀಸ್‌ನ ಸ್ಪಿರಿಡಾನ್ ಲೂಯಿಸ್. ಈಗಿನ ದೂರ 1908ರ ಲಂಡನ್ ಒಲಿಂಪಿಕ್ಸ್‌ನದು, ವಿಂಡ್ಸರ್ ಕೋಟೆಯಿಂದ ಕ್ರೀಡಾಂಗಣದ ರಾಜಮನೆತನದ ಆಸನದ ಮುಂದಿನವರೆಗೆ. 1921ರಲ್ಲಿ ಅದೇ ಅಧಿಕೃತವಾಯಿತು. ಹಳೆಯ ಗ್ರೀಕರಿಗೂ ಆ 195 ಮೀಟರಿಗೂ ಸಂಬಂಧವಿಲ್ಲ.

ಪ್ರಾಚೀನ ಒಲಿಂಪಿಕ್ಸ್‌ನಲ್ಲಿ ಅತಿ ಉದ್ದದ ಓಟ ಎಷ್ಟಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಿತ್ತು. ಕ್ರಿ.ಪೂ. 720ರಲ್ಲಿ ಸೇರಿಸಿದ ‘ಡೊಲಿಕೋಸ್’ ಓಟ ಹೆಚ್ಚೆಂದರೆ 5 ಕಿ.ಮೀ. ಒಳಗೇ, ಸುಮಾರು 192 ಮೀಟರ್ ಉದ್ದದ ಅಂಕಣದಲ್ಲಿ ಕಂಬ ಸುತ್ತಿ ಸುತ್ತಿ ಓಡುವುದು. ಗ್ರೀಕರಿಗೆ ನೂರಾರು ಮೈಲಿ ಓಡುವುದು ಪಂದ್ಯವಾಗಿರಲಿಲ್ಲ, ಉದ್ಯೋಗವಾಗಿತ್ತು. ಎರಡೂ ಕೂಡಿದ ಒಬ್ಬನಿದ್ದಾನೆ: ಕ್ರಿ.ಪೂ. 328ರಲ್ಲಿ ಡೊಲಿಕೋಸ್ ಗೆದ್ದ ಆರ್ಗೋಸ್‌ನ ಏಗಿಯಸ್, ಅದೇ ದಿನ ಓಡಿ ತನ್ನೂರು ಸೇರಿ ಗೆಲುವಿನ ಸುದ್ದಿಯನ್ನು ತಾನೇ ಹೇಳಿದನೆಂದು ಹಳೆಯ ವಿಜೇತರ ಪಟ್ಟಿಯಲ್ಲಿದೆ. ಪಂದ್ಯ ನಡೆಯುತ್ತಿದ್ದ ಒಲಿಂಪಿಯಾದಿಂದ ಆರ್ಗೋಸ್ ಸುಮಾರು 100 ಕಿ.ಮೀ.

ಅದೇ ಕಾಲದ ಫಿಲೊನಿಡೀಸ್‌ನ ಶಾಸನವಂತೂ ಒಲಿಂಪಿಯಾದಲ್ಲೇ ಸಿಕ್ಕಿದೆ. ಕ್ರೀಟ್ ದ್ವೀಪದ ಈತ ಅಲೆಗ್ಸಾಂಡರನ ಓಟದೂತ, ಏಷ್ಯಾದ ದಾರಿಗಳನ್ನು ಹೆಜ್ಜೆ ಎಣಿಸಿ ಅಳೆದವನು. ಯಾವ ಪಂದ್ಯದ ಗೆಲುವೂ ಆ ಕಲ್ಲಿನಲ್ಲಿಲ್ಲ. ತನ್ನ ಹೆಸರು, ತಂದೆಯ ಹೆಸರು, ಊರು ಮತ್ತು ಈ ಕಸುಬನ್ನೇ ಬರೆಸಿ ಜ್ಯೂಸ್ ದೇವರಿಗೆ ಅರ್ಪಿಸಿದ್ದಾನೆ.