ಹತ್ತನೇ ತಿರುವಿನ ಹೊಗೆ

ದಿಂಬಂ ಘಾಟಿಯಲ್ಲಿ ಹೇರ್‌ಪಿನ್ ತಿರುವು 27. ಸತ್ಯಮಂಗಲದಿಂದ (ನಮ್ಮ ಬಾಯಲ್ಲಿ ಸತ್ತಿ) ಬಂದು ಬಣ್ಣಾರಿ ಅಮ್ಮನ ಗುಡಿ ದಾಟಿ ಹತ್ತಲು ಶುರು ಮಾಡಿದ ಹಳೇ ಲಾರಿ ಎಷ್ಟನೇ ತಿರುವಿನಲ್ಲಿ ಕಪ್ಪು ಉಗುಳಿತು ಎಂದು ಡ್ರೈವರನ್ನು ಕೇಳಿದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ಮೊದಲನೇ ತಿರುವಿನಲ್ಲೇ ಅಂದರೆ ಬೆಟ್ಟದ ತಪ್ಪೇನಿಲ್ಲ, ಏರ್ ಫಿಲ್ಟರನ್ನೋ ನಾಝಲನ್ನೋ ನೋಡಬೇಕು. ಹತ್ತರ ಮೇಲೆ ಅಂದರೆ ಮಾತು ಬೇರೆ.

ಹೋದ ಮಳೆಗಾಲದಲ್ಲಿ ಗಾಜನೂರು ಕಡೆಯ ಹುಡುಗನೊಬ್ಬ ತಾಳವಾಡಿಯ ನಮ್ಮ ಶೆಡ್ಡಿಗೆ ಲಾರಿ ತಂದು ನಿಲ್ಲಿಸಿದ. ಟಾಟಾ ಆರು ಚಕ್ರ, ಕಮ್ಮಿನ್ಸ್ 5.9 ಲೀಟರ್ ಟರ್ಬೊ ಇಂಜಿನ್, ಪೂರಾ ಮೆಕ್ಯಾನಿಕಲ್ ಡೀಸೆಲ್ ಪಂಪು. ಇಲ್ಲಿಂದ ಕೋಸು ತುಂಬಿಕೊಂಡು ಕೆಳಗಿಳಿಯುತ್ತಾನೆ, ಬರುವಾಗ ಸಿಮೆಂಟೋ ಹಿಂಡಿಯೋ ಹೇರಿಕೊಂಡು ಹತ್ತುತ್ತಾನೆ.

“ಸತ್ತಿಲಿ ಒಂದ್ ಚೂರೂ ಹೊಗ ಇಲ್ಲ ಕಣಣ್ಣ. ಹತ್ತನೇ ತಿರುವು ದಾಟುದ್ ಮೇಲ ಕನ್ನಡಿಲಿ ಹಿಂದ್ಗಡ ಏನೂ ಕಾಣಲ್ಲ. ಪಂಪ್ ಬಿಚ್ಚಿ ಕೊಟ್ಬುಡ್ಲಾ?”

ಪಂಪ್ ಬಿಚ್ಚುವುದಕ್ಕೆ ಮುಂಚೆ ಗಾಳಿಯ ಲೆಕ್ಕ ಹಾಕೋಣ ಎಂದೆ. ಈ ಅಂಕಣ ಓದುವ ಲಾರಿ ಮಾಲೀಕರಿಗೂ ನನ್ನ ಬೇಡಿಕೆ ಅದೇ.

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕೆಜಿ ಗಾಳಿ ಬೇಕು. ಕೆಳಗಿನ ಊರುಗಳ ಗಾಳಿಯಲ್ಲಿ ಅದು ಹತ್ತಿರ ಹತ್ತಿರ 10,000 ಲೀಟರ್, ಅಂದರೆ ಒಂದು ನೀರಿನ ಟ್ಯಾಂಕರ್ ಲಾರಿ ತುಂಬ ಗಾಳಿ. ಅದೂ ಕಾಗದದ ಮೇಲಿನ ಲೆಕ್ಕ. ನಾಝಲಿನಿಂದ ಚಿಮ್ಮಿದ ಡೀಸೆಲ್ ಗಾಳಿಯ ಜತೆ ಸರಿಯಾಗಿ ಬೆರೆಯಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಸಿಗುವುದಿಲ್ಲ. ಹಾಗಾಗಿ ಲೆಕ್ಕಕ್ಕಿಂತ ಕಾಲು ಭಾಗವಾದರೂ ಹೆಚ್ಚು ಗಾಳಿ ಇದ್ದರೇ ಹೊಗೆ ಕಾಣದಂತೆ ಉರಿಯುತ್ತದೆ. ಆ ಹೆಚ್ಚುವರಿ ಕಾಲು ಭಾಗ ಕರಗುತ್ತ ಬಂದಂತೆ ಡೀಸೆಲಿನಲ್ಲಿರುವ ಇಂಗಾಲ ಉರಿಯದೆ ಮಸಿಯಾಗಿ ಹೊರಬೀಳುತ್ತದೆ. ಕಪ್ಪು ಹೊಗೆ ಅಂದರೆ ಇಷ್ಟೇ.

ದಿಂಬಂ ಇರುವುದು ಸುಮಾರು 1,100 ಮೀಟರ್ ಎತ್ತರದಲ್ಲಿ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಅಲ್ಲಿನ ಗಾಳಿ ನೂರಕ್ಕೆ ಹತ್ತರಷ್ಟು ತೆಳು. 2,240 ಮೀಟರಿನ ಊಟಿಯಲ್ಲಿ ಐದರಲ್ಲಿ ಒಂದು ಪಾಲೇ ಇಲ್ಲ. ಹಳೇ ಪಂಪಿಗೆ ಇದ್ಯಾವುದೂ ತಿಳಿಯದು. ಕಾಲು ಎಷ್ಟು ಒತ್ತಿದೆ, ಇಂಜಿನ್ ಎಷ್ಟು ಸುತ್ತುತ್ತಿದೆ ಎಂದು ನೋಡಿ ಅಷ್ಟು ಡೀಸೆಲ್ ಕಳಿಸುತ್ತದೆ. ಸತ್ತಿಯಲ್ಲಿ ಎಷ್ಟೋ ಊಟಿಯಲ್ಲೂ ಅಷ್ಟೇ.

“ಟರ್ಬೊ ಇದೆಯಲ್ಲ, ಗಾಳಿ ಅದು ತುಂಬುತ್ತದೆ” ಎನ್ನುತ್ತಾರೆ. ನಿಜ. ಇಂಜಿನಿನ ಹೊಗೆಯ ರಭಸಕ್ಕೆ ತಿರುಗಿ ಸಿಲಿಂಡರಿಗೆ ಗಾಳಿ ಒತ್ತಿ ತುಂಬುವ ಯಂತ್ರ ಅದು. ಟರ್ಬೊ ದೊಡ್ಡ ಹೆಸರು ಮಾಡಿದ್ದೇ ಬೆಟ್ಟದ ಮೇಲೆ. 1918ರಲ್ಲಿ ಸ್ಯಾನ್‌ಫೋರ್ಡ್ ಮಾಸ್ ಎಂಬ ಇಂಜಿನಿಯರ್ ವಿಮಾನದ ಇಂಜಿನೊಂದನ್ನು ಅಮೆರಿಕದ ಪೈಕ್ಸ್ ಪೀಕ್ ಬೆಟ್ಟಕ್ಕೆ, 14,000 ಅಡಿ ಎತ್ತರಕ್ಕೆ ಸಾಗಿಸಿ ಪರೀಕ್ಷೆ ಮಾಡಿದ. ಕೆಳಗೆ 350 ಕುದುರೆ ಶಕ್ತಿ ಕೊಡುತ್ತಿದ್ದ ಇಂಜಿನ್ ಅಲ್ಲಿ ಸುಮಾರು 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದ ಮೇಲೆ ಕಳಕೊಂಡದ್ದೆಲ್ಲ ವಾಪಸ್ ಬಂತು. ಆದರೆ ಅದು ಒಂದೇ ಸಮನೆ ಓಡಿಸಿದ ಇಂಜಿನ್. ಹತ್ತು ಟನ್ ಹೊತ್ತು ಹೇರ್‌ಪಿನ್ ತಿರುಗಿಸುವ ಕೆಲಸ ಅದಕ್ಕೆ ಇರಲಿಲ್ಲ.

ನಮ್ಮ ಲಾರಿಗಳಲ್ಲಿ ಏನಾಗುತ್ತದೆ ನೋಡಿ. ವೇಸ್ಟ್‌ಗೇಟ್, ಅಂದರೆ ಒತ್ತಡ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು, ಇರುವ ಟರ್ಬೊ ಹೊರಗಿನ ಗಾಳಿಗಿಂತ ಇಷ್ಟು ಹೆಚ್ಚು ಒತ್ತಡ ಎಂಬ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಒಂದು ಬಾರ್ ಬೂಸ್ಟ್ ಎಂದು ಇಟ್ಟುಕೊಳ್ಳಿ. ಕೆಳಗೆ ಹೊರಗಿನದು ಒಂದು, ಟರ್ಬೊದ್ದು ಒಂದು, ಒಟ್ಟು ಎರಡು ಬಾರ್. ಊಟಿಯಲ್ಲಿ ಹೊರಗಿನದೇ 0.77, ಒಟ್ಟು 1.77. ಬೂಸ್ಟ್ ಮೀಟರ್ ಎರಡು ಕಡೆಯೂ ಒಂದೇ ತೋರಿಸುತ್ತದೆ, ಸಿಲಿಂಡರಿಗೆ ಹೋಗುವ ಗಾಳಿ ಮಾತ್ರ ನೂರಕ್ಕೆ ಹನ್ನೊಂದು ಕಮ್ಮಿ. ವೇಸ್ಟ್‌ಗೇಟ್ ಇಲ್ಲದ ಹಳೇ ಟರ್ಬೊಗಳು ಇದಕ್ಕಿಂತ ವಾಸಿ. ಹೊರಗಿನ ಒತ್ತಡ ಕಮ್ಮಿಯಾದಷ್ಟೂ ಹೊಗೆ ಸಲೀಸಾಗಿ ಹೊರನುಗ್ಗಿ ಟರ್ಬೊವನ್ನು ಇನ್ನೂ ಜೋರಾಗಿ ತಿರುಗಿಸುತ್ತದೆ, ಗಾಳಿಯ ಕೊರತೆ ಒಂದಿಷ್ಟು ತುಂಬುತ್ತದೆ. ಬದಲಿಗೆ ಬೇರಿಂಗು ಬೇಗ ಸವೆಯುತ್ತದೆ.

ಇದೆಲ್ಲ ಟರ್ಬೊ ಎದ್ದ ಮೇಲಿನ ಮಾತು. ತಿರುವಿನಲ್ಲಿ ಲಾರಿ ಬಹುತೇಕ ನಿಂತೇ ತಿರುಗುತ್ತದೆ, ಇಂಜಿನ್ ನಿಮಿಷಕ್ಕೆ ಸಾವಿರ ಸುತ್ತಿಗೆ ಇಳಿದಿರುತ್ತದೆ, ಟರ್ಬೊ ಮಲಗಿರುತ್ತದೆ. ಡ್ರೈವರ್ ಪೂರ್ತಿ ಕಾಲು ಒತ್ತಿದರೆ ಡೀಸೆಲ್ ತಕ್ಷಣ ಬರುತ್ತದೆ, ಗಾಳಿ ಬರುವುದು ನಿಧಾನ. ಮೇಲೆ ಹೋದಷ್ಟೂ ಗಾಳಿ ತೆಳು, ಟರ್ಬೊ ಏಳುವುದು ಇನ್ನೂ ತಡ. ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಆನೆ ಕಬ್ಬಿನ ಲಾರಿ ತಡೆದು ನಿಲ್ಲಿಸುವುದು ನೀವೂ ನೋಡಿರುತ್ತೀರಿ. ಅದು ಹೊಟ್ಟೆ ತುಂಬ ಕಬ್ಬು ಎಳೆದುಕೊಂಡು ಪಕ್ಕಕ್ಕೆ ಸರಿದ ಮೇಲೆ ಹಿಂದಿನ ಲಾರಿಗಳೆಲ್ಲ ಒಟ್ಟಿಗೆ ಎಬ್ಬಿಸುತ್ತವಲ್ಲ ಹೊಗೆ, ಅದರ ಗುಟ್ಟು ಇದೇ.

ಈ ನಡುವಿನ ಹೊತ್ತು ಕಾಯಲೆಂದೇ ಪಂಪಿನ ಮೇಲೆ ಒಂದು ಡಯಾಫ್ರಮ್ ಡಬ್ಬಿ ಕೊಟ್ಟಿರುತ್ತಾರೆ. ಟರ್ಬೊ ಗಾಳಿಯ ಸಣ್ಣ ಪೈಪೊಂದು ಅದಕ್ಕೆ ಬಂದು ಸೇರುತ್ತದೆ. ಬೂಸ್ಟ್ ಬರುವ ತನಕ ಪಂಪಿನ ರ್ಯಾಕ್ (ಡೀಸೆಲ್ ಪ್ರಮಾಣ ಹಿಡಿಯುವ ಸರಳು) ಪೂರ್ತಿ ತೆರೆಯದಂತೆ ಅದು ಹಿಡಿದಿರುತ್ತದೆ. ಆದರೆ ಅದಕ್ಕೂ ಎತ್ತರ ಗೊತ್ತಿಲ್ಲ. ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸ ಅಷ್ಟೇ ಅದು ಅಳೆಯುವುದು. ಎತ್ತರಕ್ಕೆ ತಕ್ಕಂತೆ ಡೀಸೆಲ್ ಕಮ್ಮಿ ಮಾಡುವ ಡಬ್ಬಿಯೂ ಉಂಟು, ನಮ್ಮ ಶೆಡ್ಡಿಗೆ ಬರುವ ಲಾರಿಗಳಲ್ಲಿ ನಾನು ಕಂಡಿಲ್ಲ.

ಇಷ್ಟು ಹೇಳಿದ ಮೇಲೂ ನನ್ನ ಅಭಿಪ್ರಾಯ ಒಂದೇ. ದಿಂಬಂನ ಆ ನೂರಕ್ಕೆ ಹತ್ತು, ಸರಿಯಾಗಿರುವ ಟರ್ಬೊ ಲಾರಿಯ ಹಿಂದಿನ ರಸ್ತೆಯನ್ನು ಮುಚ್ಚುವುದಿಲ್ಲ. ಗೇರ್ ಹಾಕಿದಾಗ ಒಂದು ಬುಸ್ ಅಂದು ತಿಳಿಯಾಗಬೇಕು. ತಿರುವು ದಾಟಿ ನೂರು ಮೀಟರ್ ಹೋದರೂ ಕಪ್ಪು ನಿಲ್ಲದಿದ್ದರೆ ಬೆಟ್ಟಕ್ಕಿಂತ ಮುಂಚೆ ಮನುಷ್ಯರ ಕೈ ಅಲ್ಲಿ ಆಡಿದೆ. ಊಟಿ ಲೋಡಿನ ಲಾರಿಗೆ ಬೇಕಾದರೆ ಸ್ವಲ್ಪ ರಿಯಾಯಿತಿ ಕೊಡುತ್ತೇನೆ.

ಹುಡುಗನ ಲಾರಿಯ ಡಬ್ಬಿ ನೋಡಿದೆ. ಮೇಲಿನ ಸ್ಕ್ರೂ ತಲೆ ಹೊಸದಾಗಿ ಹೊಳೆಯುತ್ತಿತ್ತು, ಸೀಲ್ ವೈರ್ ಮಾಯ. ಪಕ್ಕದಲ್ಲಿ ಹೆಚ್ಚೆಂದರೆ ಎಷ್ಟು ಡೀಸೆಲ್ ಎಂದು ಮಿತಿ ಕಟ್ಟುವ ಫುಲ್ ಲೋಡ್ ಸ್ಕ್ರೂ ಮೇಲೂ ಸ್ಪ್ಯಾನರ್ ಗೀರು. ಕೇಳಿದರೆ ಆರು ತಿಂಗಳ ಹಿಂದೆ ಪುಲ್ಲಿಂಗ್ (ಎಳೆಯುವ ಶಕ್ತಿ) ಇಲ್ಲ ಅಂತ ಹೆದ್ದಾರಿ ಪಕ್ಕದಲ್ಲಿ ಯಾರೋ ಹತ್ತೇ ನಿಮಿಷದಲ್ಲಿ ಸರಿ ಮಾಡಿಕೊಟ್ಟರಂತೆ. ಹಾಗಾದರೆ ಪುಲ್ಲಿಂಗ್ ಮೊದಲು ಹೋದದ್ದಾದರೂ ಯಾಕೆ?

ಟರ್ಬೊದ ಬಾಯಿಗೆ ಪಿವಿಸಿ ಮುಚ್ಚಳ ಬಿಗಿದು, ಟೈರ್ ವಾಲ್ವಿನಿಂದ ಕಂಪ್ರೆಸರ್ ಗಾಳಿ ಕೊಟ್ಟು, ಹೋಸುಗಳ ಮೇಲೆಲ್ಲ ಸೋಪಿನ ನೀರು ಬಳಿದೆವು. ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರಿನ ಕೆಳ ಹೋಸಿನಲ್ಲಿ, ಕ್ಲಿಪ್ಪಿನ ಅಡಿಗೇ, ಕಿರುಬೆರಳಿನುದ್ದದ ಸೀಳು. ಗಾಳಿ ಇಲ್ಲದಾಗ ತುಟಿ ಮುಚ್ಚಿಕೊಂಡಿರುತ್ತದೆ, ಕೈಯಾಡಿಸಿದರೂ ಸಿಗುವುದಿಲ್ಲ. ಒತ್ತಡ ಏರುತ್ತಿದ್ದ ಹಾಗೆ ಬಾಯಿ ತೆರೆದು ನೊರೆ ಉಕ್ಕಿತು. ಬೂಸ್ಟ್ ಅಲ್ಲಿ ಸೋರಿ ಹೋಗುತ್ತಿತ್ತು, ಡಬ್ಬಿಗೆ ಒತ್ತಡ ಸಾಲದೆ ಅದು ಡೀಸೆಲ್ ತಡೆಯುತ್ತಿತ್ತು, ಪುಲ್ಲಿಂಗ್ ಬಿತ್ತು. ಡಬ್ಬಿ ತನ್ನ ಕೆಲಸ ಸರಿಯಾಗೇ ಮಾಡಿದ್ದಕ್ಕೆ ಅದರ ಸ್ಕ್ರೂ ತಿರುಗಿಸಿದರು! ಗಾಳಿ ಸೋರುತ್ತಲೇ ಇತ್ತು, ಡೀಸೆಲ್ ಹೆಚ್ಚಾಯಿತು. ಸತ್ತಿಯ ದಪ್ಪ ಗಾಳಿಯಲ್ಲಿ ಹೇಗೋ ನಡೆಯಿತು, ಹತ್ತನೇ ತಿರುವಿನ ಮೇಲೆ ನಡೆಯಲಿಲ್ಲ.

ಅವನ ಹತ್ತಿರ ಹೊಗೆ ಸರ್ಟಿಫಿಕೇಟ್ ಇತ್ತು, ಅದು ಸುಳ್ಳೂ ಅಲ್ಲ. ಬಿಎಸ್-4 ಎಂಬ ಸರ್ಕಾರಿ ಹೊಗೆ ದರ್ಜೆಗಿಂತ ಹಳೇ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್ರಿಜ್, ಅದು ಹೊಗೆಯ ದಟ್ಟಣೆಯ ಅಳತೆ. ಲೋಡಿಲ್ಲದೆ, ನ್ಯೂಟ್ರಲಿನಲ್ಲಿ, ಕಾಲು ಒತ್ತಿ ಬಿಟ್ಟು ಅಳೆಯುತ್ತಾರೆ. ಹತ್ತು ಟನ್ ಹೊತ್ತು ತಿರುವು ಹತ್ತುವಾಗ ಏನಾಗುತ್ತದೆ ಎಂಬುದು ಆ ಯಂತ್ರದ ಮುಂದೆ ಬರುವುದೇ ಇಲ್ಲ.

ಸ್ಕ್ರೂ ತಿರುಗಿಸಿದವರನ್ನು ಬೈಯುವ ಯೋಗ್ಯತೆ ನನಗೂ ಇಲ್ಲ. ಕೆಲಸ ಕಲಿತ ಹೊಸದರಲ್ಲಿ ಕೂನೂರಿಗೆ ಲೋಡು ಹೊಡೆಯುತ್ತಿದ್ದ ಲಾರಿಯೊಂದಕ್ಕೆ ನಾನೇ ಕಾಲು ಸುತ್ತು ಕೊಟ್ಟಿದ್ದೆ. ಡ್ರೈವರ್ ಖುಷಿಯಾಗಿ ಟೀ ಕುಡಿಸಿದ. ರಾತ್ರಿ ಹತ್ತುವಾಗ ಮ್ಯಾನಿಫೋಲ್ಡ್ (ಇಂಜಿನಿನಿಂದ ಹೊಗೆ ಹೊರಡುವ ಕೊಳವೆ) ಕೆಂಡದ ಹಾಗೆ ಕೆಂಪಗಾಗಿರುತ್ತದೆ ಎಂದು ಕ್ಲೀನರ್ ಹೇಳಿದಾಗ ನಕ್ಕಿದ್ದೆ. ತಿಂಗಳೊಳಗೆ ಮ್ಯಾನಿಫೋಲ್ಡ್ ಸೀಳಿತು, ಒಂದು ಪಿಸ್ಟನ್ ತಲೆ ಕರಗಿತು. ಹೆಚ್ಚಿನ ಡೀಸೆಲ್ ಬರೀ ಹೊಗೆಯಾಗಿ ಹೋಗುವುದಿಲ್ಲ, ತಡವಾಗಿ ಉರಿದು ಇಂಜಿನ್ನನ್ನು ಸುಡುತ್ತದೆ. ಪಿಸ್ಟನ್ ಕಾಸಿನಲ್ಲಿ ಅರ್ಧ ನನ್ನ ಜೇಬಿನಿಂದ ಹೋಯಿತು.

ಬಿಳಿ ಹೊಗೆಯನ್ನು ಇದರ ಜತೆ ಸೇರಿಸಬೇಡಿ. ರಾತ್ರಿ ಘಾಟಿ ಮುಚ್ಚುವುದರಿಂದ ಹಾಸನೂರು ಕಡೆ ನಿಂತ ಲಾರಿಗಳು ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಆಗುತ್ತವೆ. ತೆಳು ಗಾಳಿ, ತಣ್ಣನೆ ಸಿಲಿಂಡರ್, ಡೀಸೆಲ್ ಹೊತ್ತಿಕೊಳ್ಳದೆ ಆವಿಯಾಗಿ ಹೊರಬರುತ್ತದೆ, ಕಣ್ಣು ಉರಿಯುತ್ತದೆ. ಇಂಜಿನ್ ಬಿಸಿಯಾದ ಮೇಲೆ ನಿಂತರೆ ಚಿಂತೆ ಬೇಡ. ನೀಲಿ ಬಂದರೆ ಆಯಿಲ್, ಅದಕ್ಕೆ ಯಾವ ಬೆಟ್ಟವೂ ಬೇಕಿಲ್ಲ.

ಹತ್ತುವವರಿಗೆ ಒಂದು ಮಾತು: ತಿರುವಿಗೆ ಮುಂಚೆಯೇ ಗೇರ್ ಇಳಿಸಿ, ತಿರುವಿನೊಳಗೆ ಅಲ್ಲ. ಈ ಕಮ್ಮಿನ್ಸ್ ಇಂಜಿನ್ 1,500 ಸುತ್ತಿನ ಆಸುಪಾಸಿನಲ್ಲಿದ್ದರೆ ಟರ್ಬೊ ಎದ್ದೇ ಇರುತ್ತದೆ. ಟಾಪಿನಲ್ಲೇ ಎಳೆಸಿದರೆ ಡೀಸೆಲ್ ಉಳಿಯುತ್ತದೆ ಎಂಬುದು ಬಯಲು ರಸ್ತೆಯ ಲೆಕ್ಕ. ಹೊಸ ಬಿಎಸ್-6 ಗಾಡಿಗಳಿಗೆ ಈ ತಾಪತ್ರಯವಿಲ್ಲ, ಹೊರಗಿನ ಒತ್ತಡ ಅಳೆದು ಕಂಪ್ಯೂಟರೇ ಡೀಸೆಲ್ ಕಮ್ಮಿ ಮಾಡುತ್ತದೆ.

ಹೋಸ್ ಬದಲಾಯಿಸಿ, ಪಂಪನ್ನು ಟೆಸ್ಟ್ ಬೆಂಚಿಗೆ ಹಾಕಿಸಿ, ಎರಡೂ ಸ್ಕ್ರೂ ಅಳತೆಗೆ ತಂದು ಸೀಲ್ ಮಾಡಿಸಿದೆ. ನಾಲ್ಕು ದಿನ ಬಿಟ್ಟು ದಿಂಬಂ ಮೇಲಿನ ಟೀ ಅಂಗಡಿಯಿಂದ ಫೋನ್ ಬಂತು.

“ಹೊಗ ನಿಂತೋಯ್ತು ಕಣಣ್ಣ. ಹತ್ತೂದು ಮೊದ್ಲಿಗಿಂತ ಒಸಿ ನಿಧಾನ ಅಷ್ಟೇಯ. ಆ ಸ್ಕ್ರೂನ ಒಂದ್ ಚೂರೇ ಚೂರು...”

“ಮೂರನೇ ಗೇರಲ್ಲಿ ಹತ್ತಪ್ಪ” ಎಂದು ಫೋನ್ ಇಟ್ಟೆ.