ಹುಬ್ಬಳ್ಳಿ ಬೇಸಿಗೆಯಲ್ಲಿ ವಾಟರ್ ಕೂಲ್ಡ್ ಪಿಸಿ: ಪೈಪ್ ಕೊಳ್ಳುವ ಮುಂಚಿನ ಲೆಕ್ಕ

ಮಾರ್ಚ್ ಬಂತೆಂದರೆ ನಮ್ಮ ಕಡೆ ಗೇಮಿಂಗ್ ಪಿಸಿ ಇಟ್ಟುಕೊಂಡವರ ಮಾತು ಒಂದೇ. ಫ್ಯಾನ್ ವಿಪರೀತ ಕೂಗ್ತಿದೆ, ವಾಟರ್ ಕೂಲಿಂಗ್ ಹಾಕಿಸಿದ್ರೆ ಹೇಗೆ? ವಿಡಿಯೊಗಳಲ್ಲಿ ಬಣ್ಣದ ನೀರು ಹರಿಯುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ಆದರೆ ಕಟ್ಟುವ ಮುಂಚೆ ಒಂದು ಪುಟದ ಲೆಕ್ಕ ಇದೆ. ಅದನ್ನು ಬಿಟ್ಟು ಪಾರ್ಟ್ಸ್ ತರಿಸಿದರೆ ದುಡ್ಡು ಹೋಗುತ್ತದೆ, ಬಿಸಿ ಮಾತ್ರ ಅಲ್ಲೇ ಇರುತ್ತದೆ. ಹಾರ್ಡ್‌ವೇರ್ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಹತ್ತನೇ ಕ್ಲಾಸಿನ ವಿಜ್ಞಾನ ನೆನಪಿದ್ದರೆ ಸಾಕು.

ನೀರು ಮಾಡುವ ಕೆಲಸ

ಪ್ರೊಸೆಸರ್ 200 ವ್ಯಾಟ್ ಕರೆಂಟ್ ತಿಂದರೆ 200 ವ್ಯಾಟ್ ಶಾಖ ಬಂದೇ ಬರುತ್ತದೆ. ನೀರು ಹಾಕಿದ ಮಾತ್ರಕ್ಕೆ ಅದು 150 ಆಗುವುದಿಲ್ಲ. ಫ್ಯಾನ್ ಕೂಲರ್ ಇರಲಿ, ವಾಟರ್ ಕೂಲಿಂಗ್ ಇರಲಿ, ಆ ಶಾಖವೆಲ್ಲ ಕೊನೆಗೆ ನಿಮ್ಮ ಕೋಣೆಯ ಗಾಳಿಗೇ ಸೇರಬೇಕು. ಅಮರಗೋಳ ಎಪಿಎಂಸಿಯಲ್ಲಿ ಹಮಾಲರು ಲಾರಿಯಿಂದ ಚೀಲ ಎತ್ತಿ ಅಂಗಡಿಗೆ ಇಳಿಸುತ್ತಾರಲ್ವಾ, ನೀರಿನದೂ ಅಷ್ಟೇ ಕೆಲಸ. ಚೀಲದ ಸಂಖ್ಯೆ ಕಮ್ಮಿಯಾಗಲ್ಲ, ಜಾಗ ಬದಲಾಗುತ್ತದೆ.

ಹಾಗಾದರೆ ನೀರೇ ಯಾಕೆ? 1 ಲೀಟರ್ ನೀರು 1 ಡಿಗ್ರಿ ಬಿಸಿಯಾಗಲು ಸುಮಾರು 4180 ಜೂಲ್ ಬೇಕು. 1 ಲೀಟರ್ ಗಾಳಿಗೆ ಸುಮಾರು 1.2 ಜೂಲ್ ಸಾಕು. ಅಷ್ಟೇ ಜಾಗದಲ್ಲಿ ನೀರು ಗಾಳಿಗಿಂತ ಹತ್ತಿರ ಹತ್ತಿರ 3500 ಪಟ್ಟು ಶಾಖ ಹೊರುತ್ತದೆ. ಹಾಗಾಗಿ ಬೆರಳು ಗಾತ್ರದ ಪೈಪಿನಲ್ಲೇ ಶಾಖವನ್ನು ಚಿಪ್‌ನಿಂದ ದೂರ ಒಯ್ದು, ದೊಡ್ಡ ರೇಡಿಯೇಟರ್ ಮೇಲೆ ಹರಡಬಹುದು. ಪ್ರೊಸೆಸರ್ ತಲೆಯ ಮೇಲೆ ಅಷ್ಟು ದೊಡ್ಡ ಲೋಹದ ಗಟ್ಟಿ ಕೂರಿಸಲು ಆಗಲ್ಲ. ವಾಟರ್ ಕೂಲಿಂಗ್‌ನ ಲಾಭ ಇರುವುದು ಇದೊಂದೇ ಕಡೆ.

ನೀರು ಸುತ್ತು ಹೊಡೆಯುವ ಈ ಇಡೀ ವ್ಯವಸ್ಥೆಗೆ ಲೂಪ್ ಎನ್ನುತ್ತಾರೆ. ಅದರಲ್ಲಿ ಬರುವ ಭಾಗಗಳು ಇಷ್ಟೇ: ಚಿಪ್ ಮೇಲೆ ಕೂರುವ ವಾಟರ್ ಬ್ಲಾಕ್, ರೇಡಿಯೇಟರ್, ಅದರ ಫ್ಯಾನ್‌ಗಳು, ಪಂಪ್, ನೀರು ತುಂಬುವ ರಿಸರ್ವಾಯರ್, ಪೈಪ್, ಫಿಟಿಂಗ್. ಫಿಟಿಂಗ್‌ಗಳ ತಿರುಪು ಬಹುತೇಕ ಎಲ್ಲ ಕಂಪನಿಗಳದ್ದೂ ಜಿ 1/4 ಅಳತೆ. ಆದ್ದರಿಂದ ಒಬ್ಬರ ಬ್ಲಾಕ್‌ಗೆ ಇನ್ನೊಬ್ಬರ ಫಿಟಿಂಗ್ ಸಲೀಸಾಗಿ ಕೂರುತ್ತದೆ.

ಒಂದು ಲೆಕ್ಕ ಬಿಡಿಸೋಣ

ರೈಜನ್ 9 7950ಎಕ್ಸ್ ಪ್ರೊಸೆಸರ್ ಪೂರ್ತಿ ಕೆಲಸದಲ್ಲಿ 230 ವ್ಯಾಟ್‌ವರೆಗೆ ಎಳೆಯಬಲ್ಲದು. ಆರ್‌ಟಿಎಕ್ಸ್ 4080 ಗ್ರಾಫಿಕ್ಸ್ ಕಾರ್ಡಿನದು 320 ವ್ಯಾಟ್. ಎರಡೂ ಸೇರಿ 550 ವ್ಯಾಟ್. ಪಂಪ್ ನಿಮಿಷಕ್ಕೆ 4 ಲೀಟರ್ ನೀರು ಓಡಿಸುತ್ತದೆ ಎಂದು ಇಟ್ಟುಕೊಳ್ಳಿ.

4 ಲೀಟರ್ ನೀರು 1 ಡಿಗ್ರಿ ಏರಲು 4 × 4180, ಅಂದರೆ 16,720 ಜೂಲ್ ಬೇಕು. ನಿಮಿಷಕ್ಕೆ ಅಷ್ಟು ಅಂದರೆ ಸೆಕೆಂಡಿಗೆ ಸುಮಾರು 279 ಜೂಲ್. ವ್ಯಾಟ್ ಅಂದರೆ ಸೆಕೆಂಡಿಗೆ ಒಂದು ಜೂಲ್ ತಾನೆ? ಆದ್ದರಿಂದ 550 ಅನ್ನು 279ರಿಂದ ಭಾಗಿಸಿದರೆ ಸುಮಾರು 2 ಡಿಗ್ರಿ.

ಈ 2 ಡಿಗ್ರಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ದಾಟಿ ಬಂದ ನೀರು, ಒಳಗೆ ಹೋದ ನೀರಿಗಿಂತ ಬರೀ 2 ಡಿಗ್ರಿ ಬಿಸಿ. "ಮೊದಲು ಪ್ರೊಸೆಸರ್‌ಗೆ ಕೊಡಬೇಕಾ, ಕಾರ್ಡಿಗೆ ಕೊಡಬೇಕಾ, ನಡುವೆ ರೇಡಿಯೇಟರ್ ಬೇಕಾ" ಅಂತ ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ. ಆ ವಾದದಲ್ಲಿ ಗೆದ್ದರೂ ಸಿಗುವುದು ಹೆಚ್ಚೆಂದರೆ ಒಂದೆರಡು ಡಿಗ್ರಿ. ಪೈಪ್ ಯಾವ ದಾರಿಯಲ್ಲಿ ಚಿಕ್ಕದಾಗಿ, ಚೊಕ್ಕವಾಗಿ ಹೋಗುತ್ತದೋ ಆ ಕ್ರಮದಲ್ಲಿ ಜೋಡಿಸಿ. ನಿಯಮ ಒಂದೇ: ರಿಸರ್ವಾಯರ್ ಪಂಪಿಗಿಂತ ಮುಂಚೆ ಬರಬೇಕು, ಮತ್ತು ಅದಕ್ಕಿಂತ ಮೇಲಿರಬೇಕು. ಪಂಪ್ ಬಾಯಿಗೆ ಸದಾ ನೀರು ಸಿಗುತ್ತಿರಬೇಕು.

ಇನ್ನೊಂದು ಪ್ರಶ್ನೆ. ದೊಡ್ಡ ರಿಸರ್ವಾಯರ್ ಹಾಕಿದರೆ ಜಾಸ್ತಿ ತಂಪಾಗುತ್ತದಾ? ರೇಡಿಯೇಟರೇ ಇಲ್ಲದ ಲೂಪ್‌ನಲ್ಲಿ 1 ಲೀಟರ್ ನೀರಿದೆ ಎಂದುಕೊಳ್ಳಿ. 4180 ಅನ್ನು 550ರಿಂದ ಭಾಗಿಸಿದರೆ 7.6. ಅಂದರೆ ಏಳೂವರೆ ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ. ನಾಲ್ಕು ನಿಮಿಷಕ್ಕೆ 30 ಡಿಗ್ರಿ! 2 ಲೀಟರ್ ಇದ್ದರೆ ಎಂಟು ನಿಮಿಷ. ನೀರು ಹೆಚ್ಚಿದರೆ ಬಿಸಿಯಾಗುವುದು ತಡವಾಗುತ್ತದೆ, ತಪ್ಪುವುದಿಲ್ಲ. ದೊಡ್ಡ ರಿಸರ್ವಾಯರ್ ನೋಡಲು ಚೆಂದ, ಗುಳ್ಳೆ ಹೊರಹೋಗಲು ಒಳ್ಳೆಯದು, ಅಷ್ಟೇ.

ಅಸಲಿ ಕೆಲಸ ರೇಡಿಯೇಟರ್‌ನದು. ಒಂದು 120 ಮಿಲಿಮೀಟರ್ ಫ್ಯಾನ್ ರೇಡಿಯೇಟರ್ ಮೂಲಕ ಸೆಕೆಂಡಿಗೆ 14 ಲೀಟರ್ ಗಾಳಿ ತಳ್ಳಿತು, ಆ ಗಾಳಿ 10 ಡಿಗ್ರಿ ಬಿಸಿಯಾಗಿ ಹೊರಬಂತು ಅಂದುಕೊಳ್ಳಿ. 14 × 1.2 × 10, ಅಂದರೆ 168 ವ್ಯಾಟ್ ಹೊರಹೋಯಿತು. ಗಾಳಿ 10 ಡಿಗ್ರಿ ಏರಬೇಕಾದರೆ ನೀರು ಅದಕ್ಕಿಂತಲೂ ಬಿಸಿ ಇರಬೇಕು. ಫ್ಯಾನ್ ನಿಧಾನ ಮಾಡಿದರೆ ಈ ಸಂಖ್ಯೆ ಇನ್ನೂ ಇಳಿಯುತ್ತದೆ. ಅದಕ್ಕೇ ಕಟ್ಟಿ ಅನುಭವವಿರುವವರು ಪ್ರತಿ 120 ಮಿಲಿಮೀಟರ್‌ಗೆ 100 ವ್ಯಾಟ್ ಎಂಬ ಅಂದಾಜು ಇಟ್ಟುಕೊಳ್ಳುತ್ತಾರೆ. ನಮ್ಮ 550 ವ್ಯಾಟಿಗೆ ಒಂದು 360 (ಮೂರು ಫ್ಯಾನ್ ಕೂರುವಂಥದ್ದು), ಒಂದು 240 (ಎರಡು ಫ್ಯಾನ್ ಕೂರುವಂಥದ್ದು) ರೇಡಿಯೇಟರ್ ಬೇಕು. ಅವೆರಡೂ ಹಿಡಿಸುವ ಕ್ಯಾಬಿನೆಟ್ ನಿಮ್ಮಲ್ಲಿದೆಯಾ? ಇಲ್ಲವಾದರೆ ಲೆಕ್ಕ ಇಲ್ಲಿಗೇ ನಿಂತಿತು. ಇದ್ದರೆ ಮುಂದಿನದನ್ನು ಓದಿ.

ಕೋಣೆಯ ಬಿಸಿ

ನೀರು ಎಂದೂ ಕೋಣೆಗಿಂತ ತಂಪಾಗುವುದಿಲ್ಲ. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ವಿಡಿಯೊಗಳಲ್ಲಿ "ನನ್ನ ಪಿಸಿ 55 ಡಿಗ್ರಿ ದಾಟಲ್ಲ" ಎನ್ನುವವರ ಕೋಣೆಯಲ್ಲಿ ಎಸಿ ಇರುತ್ತದೆ, ಇಲ್ಲವೇ ಅವರು ಚಳಿ ದೇಶದಲ್ಲಿರುತ್ತಾರೆ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯ ಆರ್‌ಸಿಸಿ ಮನೆಯ ಮೇಲ್ಮಹಡಿಯಲ್ಲಿ ಕೂತರೆ 35 ಡಿಗ್ರಿ ಏನೂ ವಿಶೇಷವಲ್ಲ. ಗದಗ ಕಡೆ ಇನ್ನೂ ಜಾಸ್ತಿ.

ರೇಡಿಯೇಟರ್ ಸಾಕಷ್ಟಿದ್ದರೂ ನೀರು ಕೋಣೆಗಿಂತ 12 ಡಿಗ್ರಿ ಬಿಸಿ ಇರುತ್ತದೆ ಎಂದುಕೊಳ್ಳಿ. 35ಕ್ಕೆ 12 ಸೇರಿಸಿ. ನೀರು 47. ಒಳ್ಳೆಯ ಬ್ಲಾಕ್ ಇದ್ದರೆ ಗ್ರಾಫಿಕ್ಸ್ ಚಿಪ್ ನೀರಿಗಿಂತ ಹತ್ತು ಹದಿನೈದು ಡಿಗ್ರಿ ಮೇಲಿರುತ್ತದೆ, ಅಂದರೆ 60ರ ಆಸುಪಾಸು. ಬಹಳ ಚೆನ್ನಾಗಿದೆ. ಪ್ರೊಸೆಸರ್ ಕಥೆ ಬೇರೆ. ಅದರ ಚಿಪ್ ಚಿಕ್ಕದು, ಶಾಖವೆಲ್ಲ ಅಂಗುಲಕ್ಕಿಂತ ಕಮ್ಮಿ ಜಾಗದಿಂದ ಬರುತ್ತದೆ, ಮೇಲೆ ಲೋಹದ ಮುಚ್ಚಳ ಬೇರೆ. ಶಾಖ ನೀರಿಗೆ ತಲುಪುವ ಮುಂಚೆಯೇ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ನೀರಿಗಿಂತ 40 ಡಿಗ್ರಿ ಮೇಲಿದ್ದರೂ ಆಶ್ಚರ್ಯವಿಲ್ಲ. 7950ಎಕ್ಸ್ ಅಂತೂ ಪೂರ್ತಿ ಹೊರೆಯಲ್ಲಿ 95 ಡಿಗ್ರಿ ಮುಟ್ಟುವಂತೆಯೇ ಮಾಡಿರುವ ಪ್ರೊಸೆಸರ್. ನೀರು ಹಾಕಿಯೂ 90 ತೋರಿಸಿದರೆ ಗಾಬರಿಯಾಗಬೇಡಿ.

ಲೂಪ್ ಕಟ್ಟಿದರೆ ನಿಜವಾದ ಲಾಭ ಗ್ರಾಫಿಕ್ಸ್ ಕಾರ್ಡಿಗೆ, ಮತ್ತು ನಿಮ್ಮ ಕಿವಿಗೆ. ಬರೀ 65 ವ್ಯಾಟಿನ ಪ್ರೊಸೆಸರ್ ತಂಪು ಮಾಡಲು ಲೂಪ್ ಕಟ್ಟುವುದು ದಂಡ. ಲೋಹದ ರೆಕ್ಕೆಗಳ ಎರಡು ಗೋಪುರವಿರುವ ಒಳ್ಳೆಯ ಫ್ಯಾನ್ ಕೂಲರ್ ಸಾಕು. ಲೂಪಿಗೆ ಹಾಕುವ ದುಡ್ಡಿನಲ್ಲಿ ಎಷ್ಟೋ ಸಲ ಒಂದು ದರ್ಜೆ ಮೇಲಿನ ಕಾರ್ಡೇ ಬರುತ್ತದೆ. ಅದೂ ಲೆಕ್ಕದಲ್ಲಿರಲಿ.

ನೀರು ಎಷ್ಟು ಬಿಸಿಯಾಗಬಹುದು ಎಂಬ ಮಿತಿಯೂ ಗೊತ್ತಿರಬೇಕು. ಜನ ಹೆಚ್ಚು ಬಳಸುವ ಡಿ5 ಪಂಪಿಗೆ 60 ಡಿಗ್ರಿ ಗರಿಷ್ಠ. ಪಿಇಟಿಜಿ ಎಂಬ ಪ್ಲಾಸ್ಟಿಕ್‌ನ ಗಟ್ಟಿ ಪೈಪ್ ಕೂಡ ಆ ಬಿಸಿಗೆ ಮೆತ್ತಗಾಗಲು ಶುರುವಾಗುತ್ತದೆ, ಫಿಟಿಂಗ್‌ನಿಂದ ಜಾರಬಹುದು. ನಮ್ಮ ಬೇಸಿಗೆಗೆ ಅಕ್ರಿಲಿಕ್ ವಾಸಿ, ಆದರೆ ಕೊಯ್ಯುವಾಗ ಸೀಳುತ್ತದೆ, ಸ್ಪಿರಿಟ್ ತಾಗಿದರೆ ಬಿರುಕು ಬಿಡುತ್ತದೆ. ಮೊದಲ ಸಲ ಕಟ್ಟುವವರು ಸುಮ್ನೆ ಮೆದು ಪೈಪ್ ತಗೊಳ್ಳಿ. ಕತ್ತರಿಸಿ, ತುರುಕಿ, ಬಿಗಿ ಮಾಡಿದರೆ ಮುಗಿಯಿತು.

ಯಾವ ಲೋಹ, ಯಾವ ನೀರು

ಇಲ್ಲಿ ಎಡವಿದರೆ ಆರು ತಿಂಗಳ ನಂತರ ಗೊತ್ತಾಗುತ್ತದೆ, ಅದಕ್ಕೇ ಅಪಾಯ. ತಾಮ್ರ, ಹಿತ್ತಾಳೆ, ನಿಕಲ್ ಲೇಪ ಒಂದೇ ಲೂಪ್‌ನಲ್ಲಿ ಇರಬಹುದು. ಅಲ್ಯೂಮಿನಿಯಂ ಸೇರಿಸಬಾರದು. ಎರಡು ಬೇರೆ ಲೋಹ, ನಡುವೆ ಲವಣ ಇರುವ ನೀರು: ಲ್ಯಾಬಿನಲ್ಲಿ ಮಾಡಿದ ವಿದ್ಯುತ್ ಕೋಶ ಇದೇ. ಅದರಲ್ಲಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಹಳೆಯ ರೆಡಿಮೇಡ್ ಲಿಕ್ವಿಡ್ ಕೂಲರ್ ಬಿಚ್ಚಿ ಅದರ ರೇಡಿಯೇಟರ್ ಬಳಸೋಣ ಎನ್ನುವವರಿಗೆ ಇದೇ ಉತ್ತರ. ಅವುಗಳ ರೇಡಿಯೇಟರ್ ಸಾಮಾನ್ಯವಾಗಿ ಅಲ್ಯೂಮಿನಿಯಂ. ಕಂಪನಿಯವರು ತುಕ್ಕು ತಡೆಯುವ ದ್ರವ ತುಂಬಿ ಸೀಲ್ ಮಾಡಿರುತ್ತಾರೆ, ಹಾಗಾಗಿ ನಡೆಯುತ್ತದೆ.

ನಲ್ಲಿ ನೀರು ಬೇಡ. ನಮ್ಮ ಅವಳಿ ನಗರದಲ್ಲಿ ಮಲಪ್ರಭಾ ನೀರು ಬರದ ದಿನ ಬೋರಿನ ನೀರೇ ಗತಿ, ಅದು ಗೀಸರ್ ಕಾಯಿಲ್ ಮೇಲೆ ಎಂಥ ಬಿಳಿ ಪದರ ಕೂರಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ವಾಟರ್ ಬ್ಲಾಕಿನೊಳಗಿನ ಸೀಳುಗಳು ಅರ್ಧ ಮಿಲಿಮೀಟರಿಗಿಂತ ಕಿರಿದು. ಅಲ್ಲಿ ಆ ಪದರ ಕೂತರೆ ನೀರು ಹರಿಯುವುದೇ ಇಲ್ಲ. ಮನೆಯ ಆರ್‌ಒ ನೀರಿನಲ್ಲೂ ಲವಣ ಪೂರ್ತಿ ಹೋಗಿರುವುದಿಲ್ಲ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ತಿಳಿಯುತ್ತದೆ.

ಬೇಕಾದದ್ದು ಡಿಸ್ಟಿಲ್ಡ್ ವಾಟರ್. ಯಾವ ಬ್ಯಾಟರಿ ಅಂಗಡಿಯಲ್ಲೂ ಕ್ಯಾನ್ ಸಿಗುತ್ತದೆ. ಒಂದು ಎಚ್ಚರಿಕೆ: ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಹೆಚ್ಚುಕಡಿಮೆ ಅಂಥದೇ ಕ್ಯಾನಿನಲ್ಲಿ ಇರುತ್ತದೆ. ಲೇಬಲ್ ಓದಿ ತಗೊಳ್ಳಿ, ಮನೆಗೆ ತಂದು ಟಿಡಿಎಸ್ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಅದಕ್ಕೆ ಪಾಚಿ ತಡೆಯುವ ಮತ್ತು ತುಕ್ಕು ತಡೆಯುವ ದ್ರವವನ್ನು, ಪಿಸಿ ಲೂಪಿಗೆಂದೇ ಮಾರುವಂಥದ್ದು, ಬಾಟಲಿ ಮೇಲೆ ಹೇಳಿದಷ್ಟು ಸೇರಿಸಿ. ಹಾಲಿನ ಹಾಗೆ ಮಬ್ಬಾಗಿ ಕಾಣುವ ಬಣ್ಣದ ಕೂಲಂಟ್ ಫೋಟೊಗೆ ಚೆಂದ. ಅದರೊಳಗಿನ ಪುಡಿ ಕಾಲಕ್ರಮೇಣ ತಳ ಹಿಡಿದು ಅದೇ ಸೀಳುಗಳಿಗೆ ಸೇರುತ್ತದೆ. ನನ್ನ ಮಟ್ಟಿಗೆ ತಿಳಿ ದ್ರವವೇ ಸರಿ.

ನೀರು ತುಂಬುವ ದಿನ

ಮದರ್‌ಬೋರ್ಡ್, ಪ್ರೊಸೆಸರ್, ಕಾರ್ಡಿಗೆ ಹೋಗುವ ಎಲ್ಲ ಪವರ್ ಕೇಬಲ್ ಬಿಚ್ಚಿಡಿ. ಕರೆಂಟ್ ಪಂಪಿಗೆ ಮಾತ್ರ. ಕರೆಂಟಿಲ್ಲದ ಬೋರ್ಡ್ ಮೇಲೆ ನೀರು ಬಿದ್ದರೆ ಒರೆಸಿ ಪೂರ್ತಿ ಒಣಗಿಸಿದರೆ ಬಹುತೇಕ ಉಳಿಯುತ್ತದೆ. ಕರೆಂಟ್ ಇದ್ದಾಗ ಬಿದ್ದರೆ ದೇವರೇ ಗತಿ. ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಒಂದನ್ನೇ ಚಾಲೂ ಮಾಡಲು ಅದರ 24 ಪಿನ್ ಕನೆಕ್ಟರಿನಲ್ಲಿ 16ನೇ ಪಿನ್ನನ್ನು ಪಕ್ಕದ 17ಕ್ಕೆ ಸೇರಿಸಬೇಕು. ಹಳೆಯ ಕೇಬಲ್‌ಗಳಲ್ಲಿ ಅದು ಹಸಿರು ಮತ್ತು ಕಪ್ಪು ವೈರ್. ಈಗಿನವು ಪೂರ್ತಿ ಕಪ್ಪು, ಎಣಿಸುವಾಗ ತಪ್ಪಬಹುದು. ಇದಕ್ಕೆಂದೇ ಇರುವ ಜಂಪರ್ ಕ್ಯಾಪ್ ಹಾಕುವುದೇ ಕ್ಷೇಮ.

ಪ್ರತಿ ಫಿಟಿಂಗ್ ಕೆಳಗೆ ಟಿಶ್ಯೂ ಪೇಪರ್ ಇಡಿ. ಒಣ ಟಿಶ್ಯೂ ಮೇಲೆ ಒಂದು ಹನಿ ಬಿದ್ದರೂ ಕಲೆ ಎದ್ದು ಕಾಣುತ್ತದೆ. ರಿಸರ್ವಾಯರ್ ತುಂಬಿಸಿ, ಪಂಪ್ ಕೆಲವೇ ಸೆಕೆಂಡ್ ಓಡಿಸಿ, ನಿಲ್ಲಿಸಿ, ಮತ್ತೆ ತುಂಬಿಸಿ. ಪಂಪ್ ಒಣಗಿ ಓಡಬಾರದು, ಅದರ ಬೇರಿಂಗಿಗೆ ನೀರೇ ಎಣ್ಣೆ. ನೀರು ಒಂದು ಸುತ್ತು ಬಂದ ಮೇಲೆ ಕ್ಯಾಬಿನೆಟ್ಟನ್ನು ಆ ಕಡೆ ಈ ಕಡೆ ವಾಲಿಸಿ. ರೇಡಿಯೇಟರಿನಲ್ಲಿ ಅಡಗಿದ ಗಾಳಿ ಗುಳುಗುಳು ಅಂತ ಹೊರಬರುತ್ತದೆ, ನೀರಿನ ಮಟ್ಟ ಇಳಿಯುತ್ತದೆ, ಮತ್ತೆ ಹಾಕಿ. ಹೀಗೆ ಒಂದು ಹಗಲು ಒಂದು ರಾತ್ರಿ ಓಡಲಿ. ಫಿಟಿಂಗ್‌ಗಳಿಗೆ ಕೈಬಿಗಿ ಸಾಕು. ಸೋರಿಕೆ ತಡೆಯುವುದು ಒಳಗಿನ ರಬ್ಬರ್ ರಿಂಗ್, ಸ್ಪ್ಯಾನರ್ ಅಲ್ಲ. ಜೋರು ಮಾಡಿದರೆ ಅಕ್ರಿಲಿಕ್ ಬ್ಲಾಕ್ ಸೀಳುತ್ತದೆ.

ಎಲ್ಲ ಸರಿ ಅನಿಸಿದ ಮೇಲೆ ಬೋರ್ಡಿನ ಕೇಬಲ್ ಹಾಕಿ. ಪಂಪಿನ ಪವರ್ ನೇರ ಎಸ್‌ಎಂಪಿಎಸ್‌ನಿಂದಲೇ ಬರಲಿ. ಬೋರ್ಡಿನ ಫ್ಯಾನ್ ಪಿನ್ ಸಾಮಾನ್ಯವಾಗಿ 1 ಆಂಪಿಯರ್, ಅಂದರೆ 12 ವ್ಯಾಟ್ ಮಾತ್ರ ಕೊಡುತ್ತದೆ, ಡಿ5 ಪಂಪಿಗೆ ಅದು ಸಾಲದು. ವೇಗ ತಿಳಿಸುವ ಸಣ್ಣ ವೈರನ್ನು ಮಾತ್ರ ಸಿಪಿಯು ಫ್ಯಾನ್ ಪಿನ್ನಿಗೆ ಹಾಕಿ. ಪಂಪ್ ನಿಂತರೆ ಬಯೋಸ್ (ಮದರ್‌ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಎಚ್ಚರಿಸುತ್ತದೆ. ಕರೆಂಟ್ ಹೋದಾಗ ಏನು ಗತಿ ಎಂಬ ಚಿಂತೆ ಬೇಡ, ಪಿಸಿಯೂ ಪಂಪೂ ಒಟ್ಟಿಗೇ ನಿಲ್ಲುತ್ತವೆ.

ಧೂಳು, ಮಳೆ, ಮತ್ತೆ ನೀರು ಬದಲಿಸುವುದು

ಹುಬ್ಬಳ್ಳಿ ಧೂಳಿನ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ರೇಡಿಯೇಟರಿನ ರೆಕ್ಕೆಗಳ ನಡುವೆ ಅದು ಕಂಬಳಿ ಹೊದಿಸಿಬಿಡುತ್ತದೆ. ರೆಕ್ಕೆ ಒತ್ತೊತ್ತಾಗಿರುವ ರೇಡಿಯೇಟರ್ ನಮ್ಮ ಊರಿಗಲ್ಲ, ಸ್ವಲ್ಪ ಬಿಡಿಯಾಗಿರುವುದನ್ನೇ ಆರಿಸಿ, ಗಾಳಿ ಒಳಬರುವ ಕಡೆ ಜಾಳಿಗೆ ಹಾಕಿ. ಜಿನ್ನಿಂಗ್ ಮಿಲ್ ಹತ್ತಿರ ಮನೆ ಇರುವವರು ಹತ್ತಿಯ ಎಳೆಗಾಗಿ ಆಗಾಗ ನೋಡುತ್ತಿರಬೇಕು.

ಧಾರವಾಡದ ಮಳೆಗಾಲದಲ್ಲಿ ಪೈಪ್ ಮೇಲೆ ಹನಿಗಟ್ಟುತ್ತದಾ? ಇಲ್ಲ. ಲೂಪಿನ ನೀರು ಕೋಣೆಗಿಂತ ಬಿಸಿಯೇ ಇರುವುದರಿಂದ ಇಬ್ಬನಿ ಕೂರಲು ಆಗುವುದೇ ಇಲ್ಲ. ರಿಸರ್ವಾಯರಿಗೆ ಐಸ್ ಹಾಕುವ ಹುಚ್ಚು ಮಾತ್ರ ಬೇಡ. ಕೋಣೆ 28 ಡಿಗ್ರಿ, ತೇವಾಂಶ ಶೇ 80 ಇದ್ದರೆ 24 ಡಿಗ್ರಿಗಿಂತ ತಂಪಾದ ಯಾವುದರ ಮೇಲೂ ನೀರು ಕೂರುತ್ತದೆ, ಮದರ್‌ಬೋರ್ಡ್ ಸೇರಿ.

ನೀರನ್ನು ವರ್ಷಕ್ಕೊಮ್ಮೆ ಬದಲಿಸಿ. ಲೂಪಿನ ಅತಿ ಕೆಳಗಿನ ಜಾಗದಲ್ಲಿ ಮೊದಲೇ ಒಂದು ವಾಲ್ವ್ ಇಟ್ಟಿದ್ದರೆ ಇದು ಅರ್ಧ ಗಂಟೆಯ ಕೆಲಸ. ಮನೆ ಬದಲಿಸುವಾಗಲೂ ನೀರು ಖಾಲಿ ಮಾಡಿಯೇ ಟೆಂಪೊ ಹತ್ತಿಸಿ. ಹಳೆಯ ನೀರನ್ನು ಚೆಲ್ಲುವ ಮುಂಚೆ ಬಿಳಿ ಬಟ್ಟಲಿಗೆ ಹಿಡಿದು ನೋಡಿ. ತಿಳಿ ದ್ರವ ನೀಲಿಹಸಿರಾಗಿದ್ದರೆ ತಾಮ್ರ ಸವೆಯುತ್ತಿದೆ. ಲೋಳೆ ಇದ್ದರೆ ಪಾಚಿ. ಬಿಳಿ ಪುಡಿ ಕಂಡರೆ ಎಲ್ಲೋ ಒಂದು ಅಲ್ಯೂಮಿನಿಯಂ ಭಾಗ ಸೇರಿಕೊಂಡಿದೆಯೇ ಎಂದು ಹುಡುಕಿ. ಈ ಮೂರರಲ್ಲಿ ಒಂದು ಕಂಡರೂ ಬ್ಲಾಕ್ ಬಿಚ್ಚಿ, ಮೆದು ಬ್ರಷ್‌ನಿಂದ ಸೀಳುಗಳನ್ನು ತೊಳೆದು, ಆಮೇಲೆಯೇ ಹೊಸ ನೀರು ಹಾಕಿ.