ಡಾಕ್ಟರಿಗೆ ಹೇಳದೆ ಉಳಿಯುವ ಮಾತ್ರೆ

"ಬೇರೆ ಏನಾದ್ರೂ ಮಾತ್ರೆ ತಗೋತಾ ಇದೀರಾ?" ಮಂಡಿ ನೋವಿಗೆ ಹೋದರೂ, ಹಲ್ಲು ಕೀಳಿಸಲು ಹೋದರೂ, ಕೆಮ್ಮಿಗೆ ಹೋದರೂ ಡಾಕ್ಟರು ಕೇಳುವ ಪ್ರಶ್ನೆ ಇದು. ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. "ಬಿಪಿ, ಶುಗರ್ ಅಷ್ಟೇ ಡಾಕ್ಟ್ರೇ." ರಾತ್ರಿ ಊಟದ ಮೇಲೆ ನುಂಗುವ ಇನ್ನೊಂದು ಮಾತ್ರೆಯ ಹೆಸರು ಬಾಯಿಗೆ ಬರುವುದೇ ಇಲ್ಲ. ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ, ಇಲ್ಲವೇ ಬೆಳೆದ ಮಗ ಇರುತ್ತಾನೆ. ದೇಶದ ಮೂಲೆಮೂಲೆಯಿಂದ ಜನ ಹುಡುಕಿಕೊಂಡು ಬರುವ ನಿಮ್ಹಾನ್ಸ್ ನಮ್ಮೂರಲ್ಲೇ ಇದೆ. ಆದರೂ ಅದರ ಹೆಸರನ್ನು ಬೈಗುಳದ ಹಾಗೆ ಬಳಸುವವರು ಇಲ್ಲಿ ಇನ್ನೂ ಇದ್ದಾರೆ. ಅಂಥ ಕಡೆ ಡಿಪ್ರೆಶನ್‌ಗೆ ಮಾತ್ರೆ ತಗೊಳ್ಳುತ್ತೇನೆ ಎಂದು ಹೇಳಲು ಧೈರ್ಯ ಬೇಕು.

ಆದರೆ ಹೇಳದೆ ಇದ್ದರೆ ಆಗುವುದೇನು? ಬೆಂಗಳೂರಿನ ಡೈರಿ ಸರ್ಕಲ್ ಆಸುಪಾಸನ್ನೇ ನೋಡಿ. ನಿಮ್ಹಾನ್ಸ್, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಹಳಬರು ಇಂದಿಗೂ ಟಿಬಿ ಆಸ್ಪತ್ರೆ ಎನ್ನುವ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ, ಎಲ್ಲ ಅಕ್ಕಪಕ್ಕದಲ್ಲೇ ಇವೆ. ಒಬ್ಬ ಡಾಕ್ಟರು ಬರೆದ ಮಾತ್ರೆ ಇನ್ನೊಬ್ಬರು ಬರೆದ ಮಾತ್ರೆಯ ಜೊತೆ ನಮ್ಮ ಹೊಟ್ಟೆಯಲ್ಲಿ ಸೇರುತ್ತದೆ. ಎರಡೂ ಚೀಟಿಯನ್ನು ನೋಡಿದವರು ರೋಗಿ ಒಬ್ಬರೇ. ಡಿಪ್ರೆಶನ್ ಮಾತ್ರೆಗಳ ಬಗ್ಗೆ ನಾವು ಹೆದರಬೇಕಾದದ್ದು ಮಾತ್ರೆಗಿಂತ ಜಾಸ್ತಿ ಈ ಗುಟ್ಟಿಗೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇವತ್ತು ಹೆಚ್ಚಾಗಿ ಬರೆಯುವುದು ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳನ್ನು. ಎಸ್ಸಿಟಾಲೋಪ್ರಾಮ್, ಸರ್ಟ್ರಲೀನ್, ಪ್ಯಾರಾಕ್ಸೆಟೀನ್ ಎಲ್ಲ ಇದೇ ಗುಂಪು. 1987ರ ಕೊನೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫ್ಲುವಾಕ್ಸೆಟೀನ್ ಕೂಡ ಇದೇ. ನರಕೋಶ ಹೊರಗೆ ಬಿಟ್ಟ ಸಿರೊಟೋನಿನ್ ಎಂಬ ರಾಸಾಯನಿಕವನ್ನು ವಾಪಸ್ ಒಳಗೆಳೆದುಕೊಳ್ಳಲು ಒಂದು ಪ್ರೋಟೀನ್ ಇದೆ. ಮಾತ್ರೆ ಅದನ್ನು ತಡೆಯುತ್ತದೆ. ಈ ಪ್ರೋಟೀನ್ ಮಿದುಳಲ್ಲಿ ಮಾತ್ರ ಇದ್ದಿದ್ದರೆ ಸೈಡ್ ಎಫೆಕ್ಟ್ ಕಡಿಮೆ ಇರುತ್ತಿತ್ತು. ನಮ್ಮ ಮೈಯ ಸಿರೊಟೋನಿನ್‌ನಲ್ಲಿ ಸುಮಾರು 90 ಪರ್ಸೆಂಟ್ ಇರುವುದು ಕರುಳಿನಲ್ಲಿ. ಅದಕ್ಕೇ ಮೊದಲ ಒಂದೆರಡು ವಾರ ವಾಕರಿಕೆ, ಹೊಟ್ಟೆ ತೊಳೆಸುವುದು, ಭೇದಿ. ಜೊತೆಗೆ ತಲೆನೋವು, ಬೆವರು, ನಿದ್ದೆ ಕೆಡುವುದು, ಸುಮ್ನೆ ಕೂರಲಾಗದ ಚಡಪಡಿಕೆ. ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಂದರೆ ಕಷ್ಟ ಮೊದಲು ಬರುತ್ತದೆ, ಗುಣ ಆಮೇಲೆ ಕಾಣುತ್ತದೆ. ಈ ಒಂದು ಮಾತನ್ನು ಮೊದಲ ದಿನವೇ ಹೇಳದೆ ಇರುವುದರಿಂದ ಎಷ್ಟೋ ಜನ ಐದಾರು ದಿನಕ್ಕೇ "ಇದು ನನಗೆ ಆಗಿಬರಲ್ಲ" ಎಂದು ಬಿಟ್ಟುಬಿಡುತ್ತಾರೆ. ಊಟದ ಮೇಲೆ ತಗೊಂಡರೆ, ಕಡಿಮೆ ಡೋಸ್‌ನಿಂದ ಶುರು ಮಾಡಿದರೆ ವಾಕರಿಕೆ ಬಹಳ ಮಟ್ಟಿಗೆ ಹತೋಟಿಗೆ ಬರುತ್ತದೆ.

ಲೈಂಗಿಕ ತೊಂದರೆ ಮಾತ್ರ ಹೀಗೆ ತಾನಾಗಿ ಹೋಗುವಂಥದ್ದಲ್ಲ. ಆಸಕ್ತಿ ಕಮ್ಮಿಯಾಗುವುದು, ತೃಪ್ತಿಗೆ ತುಂಬಾ ಹೊತ್ತು ಹಿಡಿಯುವುದು ಅಥವಾ ಸಿಗದೇ ಹೋಗುವುದು ಈ ಗುಂಪಿನಲ್ಲಿ ಸಾಮಾನ್ಯ. ಗಂಡಸರಿಗೂ ಉಂಟು, ಹೆಂಗಸರಿಗೂ ಉಂಟು. ಡಾಕ್ಟರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಮನೆಯೊಳಗೆ ಗಂಡ ಹೆಂಡತಿ ನಡುವೆ ಬೇಡದ ಅನುಮಾನ ಬೆಳೆಯುತ್ತದೆ. ಡೋಸ್ ಬದಲಿಸಬಹುದು. ಬುಪ್ರೋಪಿಯಾನ್, ಮಿರ್ಟಾಜಪೀನ್ ತರಹದ, ಈ ತೊಂದರೆ ಕಮ್ಮಿ ಇರುವ ಮಾತ್ರೆಗೆ ಹೋಗಬಹುದು. ಅವಕ್ಕೂ ಅವುಗಳದೇ ತೊಂದರೆ ಇದೆ. ಮಿರ್ಟಾಜಪೀನ್‌ಗೆ ನಿದ್ದೆ, ಹಸಿವು, ತೂಕ ಏರುತ್ತದೆ. ಬುಪ್ರೋಪಿಯಾನ್ ಫಿಟ್ಸ್ ಇರುವವರಿಗೆ ಆಗದು. ಆದರೂ ದಾರಿ ಇದೆ, ಬಾಯಿಬಿಟ್ಟು ಕೇಳಬೇಕು ಅಷ್ಟೇ.

ಈಗ ಮಂಡಿ ನೋವಿಗೆ ಬರೋಣ. ಡೆಂಗ್ಯೂ ಬಂದಾಗ ದಿನಾ ಎಣಿಸುತ್ತಾರಲ್ಲ, ಆ ಪ್ಲೇಟ್‌ಲೆಟ್‌ಗಳು ರಕ್ತ ಹೆಪ್ಪುಗಟ್ಟಿಸುವಾಗ ಸಿರೊಟೋನಿನ್ ಬಳಸುತ್ತವೆ. ಆದರೆ ಅವು ಅದನ್ನು ತಾವೇ ತಯಾರಿಸಲಾರವು. ಮೇಲೆ ಹೇಳಿದ ಅದೇ ಪ್ರೋಟೀನ್ ಮೂಲಕ ರಕ್ತದಿಂದ ಒಳಗೆ ಎಳೆದುಕೊಳ್ಳಬೇಕು. ಮಾತ್ರೆ ಆ ದಾರಿಯನ್ನೂ ಮುಚ್ಚುತ್ತದೆ. ಹಾಗಾಗಿ ರಕ್ತ ನಿಲ್ಲುವುದು ಸ್ವಲ್ಪ ನಿಧಾನ. ಇದೊಂದೇ ಆದರೆ ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ಇದರ ಮೇಲೆ ಮಂಡಿ ನೋವಿಗೆಂದು ಡೈಕ್ಲೋಫಿನಾಕ್, ಐಬುಪ್ರೋಫೆನ್ ತರಹದ ನೋವಿನ ಮಾತ್ರೆ ತಗೊಂಡಿರಿ ಅನ್ನಿ. ಅವು ಜಠರದ ಒಳಪದರವನ್ನು ಕೆಡಿಸುತ್ತವೆ, ಪ್ಲೇಟ್‌ಲೆಟ್ ಕೆಲಸಕ್ಕೂ ಅಡ್ಡಿ ಮಾಡುತ್ತವೆ. ಎರಡೂ ಸೇರಿದಾಗ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಒಂದೊಂದರಿಂದ ಆಗುವುದಕ್ಕಿಂತ ಸ್ಪಷ್ಟವಾಗಿ ಜಾಸ್ತಿ. ಹೃದಯಕ್ಕೆಂದು ಆಸ್ಪಿರಿನ್ ಅಥವಾ ವಾರ್ಫರಿನ್ ತಗೊಳ್ಳುವವರಿಗೂ ಇದೇ ಎಚ್ಚರ. ಮಲ ಟಾರಿನಂತೆ ಕಪ್ಪಗೆ ಹೋದರೆ ತಡ ಮಾಡಬೇಡಿ. ಮೂಳೆ ಡಾಕ್ಟರಿಗೆ ಮಾತ್ರೆ ವಿಷಯ ಗೊತ್ತಿದ್ದರೆ ಪ್ಯಾರಸಿಟಮಾಲ್‌ನಲ್ಲೇ ಮುಗಿಸಬಹುದು, ಇಲ್ಲವೇ ಆಸಿಡ್ ತಡೆಯುವ ಮಾತ್ರೆಯನ್ನು ಜೊತೆಗೆ ಕೊಡಬಹುದು.

ನೋವಿಗೆ ಬರೆಯುವ ಟ್ರಮಡಾಲ್‌ನ ಕತೆ ಬೇರೆ. ಅದೂ ಸಿರೊಟೋನಿನ್ ಏರಿಸುತ್ತದೆ. ಕೆಮ್ಮಿನ ಸಿರಪ್‌ನಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್ ಕೂಡ. ಕೈಕಾಲು ನಡುಗುವುದು, ಮೈ ಬೆವರಿ ಸುಡುವುದು, ಎದೆ ಬಡಿತ ಏರುವುದು, ಭೇದಿ, ಗಾಬರಿ, ಸ್ನಾಯು ತಾನಾಗಿ ಅದುರುವುದು, ಇವೆಲ್ಲ ಹೊಸ ಮಾತ್ರೆ ಸೇರಿಸಿದ ಕೆಲವೇ ಗಂಟೆಯಲ್ಲಿ ಕಂಡರೆ ಅದು ಸಿರೊಟೋನಿನ್ ಸಿಂಡ್ರೋಮ್ ಇರಬಹುದು. ಬೆಳಗಾಗಲಿ ಎಂದು ಕಾಯುವ ವಿಷಯ ಅಲ್ಲ, ನೇರ ಎಮರ್ಜೆನ್ಸಿಗೆ ಹೋಗಬೇಕು. ಹೋದಾಗ ಎರಡೂ ಮಾತ್ರೆಯ ಹೆಸರು ಹೇಳಬೇಕು. ಹೇಳದಿದ್ದರೆ ಅದು ಜ್ವರ, ಇನ್ಫೆಕ್ಷನ್ ಎಂದೇ ಕಾಣುತ್ತದೆ.

ಟಿಬಿ ಆಸ್ಪತ್ರೆಗೂ ಡಿಪ್ರೆಶನ್‌ಗೂ ಏನು ಸಂಬಂಧ ಅನ್ನಿಸಬಹುದು. ಹಳೆಯ ನಂಟು ಅದು. 1952ರಲ್ಲಿ ನ್ಯೂಯಾರ್ಕ್‌ನ ಸೀ ವ್ಯೂ ಆಸ್ಪತ್ರೆಯಲ್ಲಿ ಟಿಬಿ ರೋಗಿಗಳಿಗೆ ಇಪ್ರೊನಿಯಜಿಡ್ ಕೊಟ್ಟು ನೋಡುತ್ತಿದ್ದರು. ಹಾಸಿಗೆ ಹಿಡಿದಿದ್ದವರು ಗೆಲುವಾದರು, ಊಟ ಸೇರಿತು, ವಾರ್ಡಿನಲ್ಲಿ ಕುಣಿದರು ಎಂದೂ ಆಗಿನ ಪತ್ರಿಕೆಗಳಲ್ಲಿ ಬಂತು. ಅಂದರೆ ಡಿಪ್ರೆಶನ್‌ನ ಮೊದಮೊದಲ ಮಾತ್ರೆ ಸಿಕ್ಕಿದ್ದೇ ಟಿಬಿ ಔಷಧಿಯೊಂದರ ಸೈಡ್ ಎಫೆಕ್ಟ್ ಆಗಿ. ಅದು ಸಿರೊಟೋನಿನ್‌ನಂಥ ವಸ್ತುಗಳನ್ನು ಒಡೆಯುವ ಮೋನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುತ್ತಿತ್ತು. ಅದೇ ಬಗೆಯ ಇನ್ನಷ್ಟು ಮಾತ್ರೆಗಳು ಬಂದವು. ಕೆಲವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಬಿಪಿ ವಿಪರೀತ ಏರಿಕೆ, ಮಿದುಳಲ್ಲಿ ರಕ್ತಸ್ರಾವ. ಯಾಕೆ ಎಂದು ಯಾರಿಗೂ ಹೊಳೆಯಲಿಲ್ಲ. ಇಂಗ್ಲೆಂಡಿನ ಒಬ್ಬ ಫಾರ್ಮಸಿಸ್ಟ್ ತನ್ನ ಹೆಂಡತಿಗೆ ಚೀಸ್ ತಿಂದಾಗಲೆಲ್ಲ ಹೀಗಾಗುತ್ತದೆ, ಬೇರೆ ಹೊತ್ತಿನಲ್ಲಿ ಇಲ್ಲ ಎಂಬುದನ್ನು ಗಮನಿಸಿದ. ಲಂಡನ್ನಿನ ಯುವ ಮನೋವೈದ್ಯ ಬ್ಯಾರಿ ಬ್ಲಾಕ್‌ವೆಲ್‌ಗೆ ಕಾಗದ ಬರೆದ. ಬ್ಲಾಕ್‌ವೆಲ್ 1963ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಹಳೆಯ ಚೀಸ್‌ನಲ್ಲಿ ಟೈರಮೀನ್ ಎಂಬ ವಸ್ತು ತುಂಬಾ ಇರುತ್ತದೆ, ಕಿಣ್ವ ಕೆಲಸ ಮಾಡದಾಗ ಅದು ಜೀರ್ಣವಾಗದೆ ರಕ್ತಕ್ಕೆ ನುಗ್ಗಿ ಬಿಪಿ ಏರಿಸುತ್ತದೆ. ಪ್ರಯೋಗಾಲಯಕ್ಕಿಂತ ಮೊದಲು ಅಡುಗೆಮನೆಯಲ್ಲಿ ಇದು ಗೊತ್ತಾಯಿತು ಅನ್ನುವುದನ್ನು ನಾನು ತುಂಬಾ ಮುಖ್ಯವಾಗಿ ಎಣಿಸುತ್ತೇನೆ.

ಆ ಹಳೆಯ ಮಾತ್ರೆಗಳು ಈಗ ಅಪರೂಪ. ಆದರೆ ಮಾಮೂಲಿ ಔಷಧಿಗೆ ಬಗ್ಗದ ಟಿಬಿಗೆ ಕೊಡುವ ಲಿನೆಜೋಲಿಡ್ ಎಂಬ ಆಂಟಿಬಯೋಟಿಕ್ ಅದೇ ಕಿಣ್ವವನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಸರ್ಟ್ರಲೀನ್ ತಗೊಳ್ಳುವವರಿಗೆ ಲಿನೆಜೋಲಿಡ್ ಶುರುವಾದರೆ ಸಿರೊಟೋನಿನ್ ಸಿಂಡ್ರೋಮ್ ಬರುವ ಸಾಧ್ಯತೆ ಇದೆ. ಟಿಬಿ ಡಾಕ್ಟರಿಗೆ ಹೇಳಲೇಬೇಕಾದ ವಿಷಯ ಇದು.

ಇನ್ನು ಲಿವರ್. ನುಂಗಿದ ಮಾತ್ರೆಗಳನ್ನು ಒಡೆದು ಹೊರಗೆ ಕಳಿಸುವ ಕಿಣ್ವಗಳು ಅಲ್ಲಿವೆ. ಅವು ಬಸ್‌ಸ್ಟ್ಯಾಂಡಿನ ಟಿಕೆಟ್ ಕೌಂಟರ್ ಇದ್ದ ಹಾಗೆ, ಒಂದೊಂದು ಕೌಂಟರಿನಲ್ಲೂ ಹಲವು ಔಷಧಿಗಳು ಸಾಲು ನಿಲ್ಲುತ್ತವೆ. ಒಂದು ಮಾತ್ರೆ ಕೌಂಟರನ್ನೇ ಬಂದ್ ಮಾಡಿದರೆ ಹಿಂದಿನವು ಅಲ್ಲೇ ಉಳಿಯುತ್ತವೆ. ಗೀಳು ರೋಗಕ್ಕೆ ಹೆಚ್ಚಾಗಿ ಕೊಡುವ ಫ್ಲುವಾಕ್ಸಮೀನ್ ಎಂಬ ಎಸ್‌ಎಸ್‌ಆರ್‌ಐ ಕಾಫಿಯ ಕೆಫೀನ್ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಸಾಮಾನ್ಯವಾಗಿ ಐದು ಗಂಟೆಯಲ್ಲಿ ಅರ್ಧ ಇಳಿಯುವ ಕೆಫೀನ್ ಆಗ 30 ಗಂಟೆಯವರೆಗೂ ಹಿಡಿಯಬಹುದು. ಬೆಳಿಗ್ಗೆ ಕುಡಿದ ಫಿಲ್ಟರ್ ಕಾಫಿ ಮಾರನೇ ಬೆಳಿಗ್ಗೆಯೂ ಮೈಯಲ್ಲಿರುತ್ತದೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವರಿಗೆ ನಿದ್ದೆ ಬಾರದೆ ಎದೆ ಡವಗುಟ್ಟಿದರೆ, ಕಾಯಿಲೆ ಜಾಸ್ತಿಯಾಯಿತು ಅಂದುಕೊಂಡು ಇನ್ನೂ ಕಂಗಾಲಾಗುತ್ತಾರೆ. ಕಾಫಿ ಬಿಡಿ ಅನ್ನುತ್ತಿಲ್ಲ, ಕಮ್ಮಿ ಮಾಡಿ ನೋಡಿ.

ಇದಕ್ಕಿಂತ ಗಂಭೀರ ಇನ್ನೊಂದಿದೆ. ಸ್ತನ ಕ್ಯಾನ್ಸರ್ ಮರಳದಿರಲಿ ಎಂದು ವರ್ಷಗಟ್ಟಲೆ ಕೊಡುವ ಟ್ಯಾಮಾಕ್ಸಿಫೆನ್ ಲಿವರಿನಲ್ಲಿ ಬದಲಾದ ಮೇಲೆಯೇ ಪೂರ್ತಿ ಕೆಲಸಕ್ಕೆ ಬರುತ್ತದೆ. ಪ್ಯಾರಾಕ್ಸೆಟೀನ್, ಫ್ಲುವಾಕ್ಸೆಟೀನ್ ಆ ಬದಲಾವಣೆಗೆ ಬೇಕಾದ ಕಿಣ್ವವನ್ನು ಜೋರಾಗಿ ತಡೆಯುತ್ತವೆ. ಕ್ಯಾನ್ಸರ್ ಬಂದ ಹೆಂಗಸು ಖಿನ್ನತೆಗೆ ಬೀಳುವುದು ಅಪರೂಪವೇನಲ್ಲ, ಅಲ್ವಾ? ಈ ಕಿಣ್ವವನ್ನು ಅಷ್ಟಾಗಿ ಮುಟ್ಟದ ವೆನ್ಲಾಫಾಕ್ಸಿನ್, ಎಸ್ಸಿಟಾಲೋಪ್ರಾಮ್ ಇವೆ. ಆರಿಸಿಕೊಳ್ಳಲು ಡಾಕ್ಟರಿಗೆ ಎರಡೂ ಕಾಯಿಲೆ ಗೊತ್ತಿರಬೇಕು.

ನಮ್ಮ ಹನುಮಂತನಗರದ ಬೀದಿಯಲ್ಲಿ ಒಬ್ಬ ಅಜ್ಜಿ. ಯಜಮಾನರು ಹೋದ ಮೇಲೆ ಊಟ, ಮಾತು ಎರಡೂ ಬಿಟ್ಟಿದ್ದರು. ಎಸ್ಸಿಟಾಲೋಪ್ರಾಮ್ ಶುರುವಾಯಿತು. ಮೂರನೇ ವಾರ ಅಜ್ಜಿಗೆ ಮಾತು ತಡವರಿಸಿತು, ಬಚ್ಚಲಿಗೆ ಹೋಗುವಾಗ ಜಾರಿದರು, ಸೊಸೆಯನ್ನು ತಂಗಿಯ ಹೆಸರಿನಿಂದ ಕರೆದರು. "ವಯಸ್ಸಾಯ್ತು, ಅರಳುಮರಳು" ಎಂದರು ಬಂದವರೆಲ್ಲ. ಸೊಸೆ ಒಪ್ಪಲಿಲ್ಲ. "ಹೋದ ತಿಂಗಳು ನಮ್ಮತ್ತೆ ಹೀಗಿರ್ಲಿಲ್ಲ" ಎಂದು ಹಠ ಹಿಡಿದು ರಕ್ತ ಪರೀಕ್ಷೆ ಮಾಡಿಸಿದರು. 135ರಿಂದ 145 ಇರಬೇಕಾದ ಸೋಡಿಯಂ ತೀರಾ ಕೆಳಗಿಳಿದಿತ್ತು. ಎಸ್‌ಎಸ್‌ಆರ್‌ಐ ಮಾತ್ರೆಗಳು ವಯಸ್ಸಾದವರಲ್ಲಿ ದೇಹ ನೀರನ್ನು ಹಿಡಿದಿಡುವಂತೆ ಮಾಡಿ ಸೋಡಿಯಂ ತಗ್ಗಿಸಬಹುದು. ಅಜ್ಜಿಯ ಬಿಪಿ ಮಾತ್ರೆಯಲ್ಲಿ ಹೈಡ್ರೊಕ್ಲೋರೊಥಯಜೈಡ್ ಇತ್ತು, ಅದು ಸೋಡಿಯಂ ಅನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಎರಡೂ ಮಾತ್ರೆ ಬದಲಿಸಿದ ಮೇಲೆ ಅಜ್ಜಿ ಸರಿಹೋದರು. ಅರವತ್ತು ದಾಟಿದವರಿಗೆ ಈ ಮಾತ್ರೆ ಶುರು ಮಾಡಿದ ಕೆಲವು ವಾರದೊಳಗೆ ಒಮ್ಮೆ ಸೋಡಿಯಂ ನೋಡಿಸುವುದು ಒಳ್ಳೆಯದು. ದುಬಾರಿ ಪರೀಕ್ಷೆಯೇನಲ್ಲ.

ಮಾತ್ರೆಯ ಶೀಟನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕಂಪನಿ ಇಟ್ಟ ಹೆಸರು ದಪ್ಪಕ್ಷರದಲ್ಲಿದೆ. ಒಳಗಿನ ಔಷಧಿಯ ಹೆಸರು ಸಣ್ಣಕ್ಷರದಲ್ಲಿದೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಎಂಬುದಕ್ಕೆ ಒಂದು ಕೆಂಪು ಗೆರೆ ಇದೆ. ನಾವು ಐದು ಮಾತ್ರೆ ಕೇಳುತ್ತೇವೆ, ಮೆಡಿಕಲ್ ಸ್ಟೋರಿನವರು ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾರೆ. ನಮ್ಮ ತುಂಡಿನಲ್ಲಿ ಉಳಿಯುವುದು ಅರ್ಧ ಹೆಸರು, ಇಲ್ಲವೇ ಬರೀ ಬೆಲೆ. ಆ ಸಣ್ಣಕ್ಷರ ಓದಿದರೆ ಎಸ್ಸಿಟಾಲೋಪ್ರಾಮ್ ಜೊತೆ ಕ್ಲೋನಾಜೆಪಾಮ್ ಎಂದೂ ಬರೆದಿರಬಹುದು. ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುವುದು ನಮ್ಮಲ್ಲಿ ಮಾಮೂಲು. ಇವೆರಡರ ಗುಣ ಬೇರೆಬೇರೆ. ಕ್ಲೋನಾಜೆಪಾಮ್ ಬೇಗ ಹಾಯೆನಿಸುತ್ತದೆ, ತಿಂಗಳುಗಟ್ಟಲೆ ತಗೊಂಡರೆ ಚಟ ಹಿಡಿಸುತ್ತದೆ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಕುಡಿತದ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ಇದೇ ರೀತಿ ಮೈಗ್ರೇನ್‌ಗೆ ಎಂದು ಒಬ್ಬರು ಬರೆಯುವ ಅಮಿಟ್ರಿಪ್ಟಿಲೀನ್, ಶುಗರಿನಿಂದಾದ ಕಾಲುರಿಗೆ ಇನ್ನೊಬ್ಬರು ಬರೆಯುವ ಡ್ಯುಲಾಕ್ಸೆಟೀನ್ ಎರಡೂ ಡಿಪ್ರೆಶನ್ ಮಾತ್ರೆಗಳೇ. ಮೂರನೆಯವರು ಎಸ್ಸಿಟಾಲೋಪ್ರಾಮ್ ಕೊಟ್ಟಿರುತ್ತಾರೆ. ಹೆಸರು ಬೇರೆ ಇರುವುದರಿಂದ ಒಂದೇ ಬಗೆಯ ಮೂರು ಮಾತ್ರೆ ನುಂಗುತ್ತಿದ್ದೇವೆ ಎಂದು ತಿಳಿಯುವುದೇ ಇಲ್ಲ. ಇಡೀ ಶೀಟಿನ ಎರಡೂ ಬದಿಯ ಫೋಟೊ ಫೋನಿನಲ್ಲಿಟ್ಟುಕೊಳ್ಳಿ. ಅತ್ತೆಯ ಮುಂದೆ ಬಾಯಿಬಿಡಲು ಆಗದಿದ್ದರೆ ಡಾಕ್ಟರಿಗೆ ಫೋನನ್ನೇ ತೋರಿಸಬಹುದು.

ಹಾಗಾದರೆ ಡಿಪ್ರೆಶನ್ ಮಾತ್ರೆಗೂ ಚಟ ಹತ್ತುತ್ತದಾ? ಎಲ್ಲರೂ ಕೇಳುವ ಪ್ರಶ್ನೆ. ಎಸ್‌ಎಸ್‌ಆರ್‌ಐಗೆ ಕುಡಿತದಂಥ ತುಡಿತ ಇಲ್ಲ, ದಿನೇ ದಿನೇ ಡೋಸ್ ಏರಿಸಬೇಕು ಅನ್ನಿಸುವುದಿಲ್ಲ. ಆದರೆ ಮೈ ಅದಕ್ಕೆ ಹೊಂದಿಕೊಂಡಿರುತ್ತದೆ. ದಿಢೀರ್ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ತಲೆಸುತ್ತು, ಸಿಡುಕು, ವಿಚಿತ್ರ ಕನಸು, ತಲೆಯೊಳಗೆ ಕರೆಂಟ್ ಹೊಡೆದಂಥ ಝುಮ್ಮು ಶುರುವಾಗುತ್ತದೆ. ಮೈಯಿಂದ ಬೇಗ ಇಳಿದುಹೋಗುವ ಪ್ಯಾರಾಕ್ಸೆಟೀನ್, ವೆನ್ಲಾಫಾಕ್ಸಿನ್‌ನಲ್ಲಿ ಇದು ಜಾಸ್ತಿ. ವಾರಗಟ್ಟಲೆ ಉಳಿಯುವ ಫ್ಲುವಾಕ್ಸೆಟೀನ್‌ನಲ್ಲಿ ಕಮ್ಮಿ. ಊರ ಹಬ್ಬಕ್ಕೆ ಹೋಗುವಾಗ ಮಾತ್ರೆ ಮನೆಯಲ್ಲೇ ಬಿಟ್ಟು ಹೋದವರಿಗೆ ಆಗುವುದೂ ಇದೇ. ಬಿಡುವುದಾದರೆ ಡಾಕ್ಟರ ಜೊತೆ ಮಾತಾಡಿ, ವಾರಗಳು ಅಥವಾ ತಿಂಗಳುಗಳ ಲೆಕ್ಕದಲ್ಲಿ ಇಳಿಸಿಕೊಂಡು ಬರಬೇಕು.

ಮನೆಯಲ್ಲಿ ಹದಿಹರೆಯದವರಿದ್ದರೆ ಒಂದು ಮಾತು. ಮಕ್ಕಳಲ್ಲಿ ಹಾಗೂ 24 ವರ್ಷದವರೆಗಿನ ಯುವಕರಲ್ಲಿ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಕರು 2004 ಮತ್ತು 2007ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದಾರೆ. ಹಾಗೆಂದು ಚಿಕಿತ್ಸೆ ಬೇಡ ಎಂದಲ್ಲ, ಚಿಕಿತ್ಸೆ ಸಿಗದ ಡಿಪ್ರೆಶನ್ನೇ ಜೀವ ತೆಗೆಯುತ್ತದೆ. ಆ ವಾರಗಳಲ್ಲಿ ಒಂಟಿಯಾಗಿ ಬಿಡಬೇಡಿ. ನಿದ್ದೆಯೇ ಬೇಡವೆಂಬ ಹುರುಪು, ನಿಲ್ಲದ ಮಾತು, ಕಂಡಾಬಟ್ಟೆ ಖರ್ಚು ಕಂಡರೆ ಅದೇ ದಿನ ಡಾಕ್ಟರಿಗೆ ತಿಳಿಸಿ, ಅದು ಬೈಪೋಲಾರ್ ಕಾಯಿಲೆಯ ಗುರುತು ಇರಬಹುದು.

ಯಾವ ಔಷಧಿಯಿಂದ ತೊಂದರೆಯಾದರೂ ರೋಗಿಯೇ ದೂರು ಕೊಡಬಹುದು. 2010ರಲ್ಲಿ ಶುರುವಾದ ಭಾರತದ ಔಷಧ ಸುರಕ್ಷತಾ ಯೋಜನೆಯ ಉಚಿತ ಸಂಖ್ಯೆ 1800-180-3024. ಮಾತ್ರೆ ಶುರು ಮಾಡಬೇಕಾ, ಬಿಡಬೇಕಾ ಎಂದು ತಳಮಳ ಆದಾಗ, ಅಥವಾ ನಡುರಾತ್ರಿ ಮನಸ್ಸು ತಡೆಯದಾದಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮಾರ್ಗದರ್ಶನ ಇದೆ. 24 ಗಂಟೆಯೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.